ಸ್ವಾತಿ ಹೆಸರಿನ ದೋಣಿಗೆ ಒಂದು ಊರು ಹುಡುಕಿದ ಕಥೆ

ಸ್ವಾತಿ ಅಂದ ಕೂಡಲೇ ನಮಗೆ ನೆನಪಾಗುವುದು ಮುತ್ತು. ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತೆ ಅಂತ ಅಜ್ಜಿಯರು ಹೇಳಿದ್ದು ಕೇಳಿದ್ದೀರಲ್ವಾ? ಹವಾಯಿಯವರಿಗೆ ಅದೇ ನಕ್ಷತ್ರ ಮನೆಯ ಗುರುತು. ಅವರು ಅದನ್ನು ಹೋಕುಲೆಯಾ ಅನ್ನುತ್ತಾರೆ, ಅಂದರೆ ಖುಷಿಯ ನಕ್ಷತ್ರ. ಖುಷಿಪಡುವುದಕ್ಕೆ ಕಾರಣವೂ ಇದೆ. ದಕ್ಷಿಣದಿಂದ ಸಮುದ್ರದಲ್ಲಿ ಬರುತ್ತಿರುವವನಿಗೆ ಸ್ವಾತಿ ರಾತ್ರಿಯಿಂದ ರಾತ್ರಿಗೆ ಮೇಲೇರುತ್ತಾ ಹೋಗುತ್ತದೆ. ಯಾವತ್ತು ಅದು ಸರಿಯಾಗಿ ನೆತ್ತಿಯ ಮೇಲೆ ಹಾದುಹೋಯಿತೋ, ಅವತ್ತು ಹವಾಯಿಯ ಸಾಲಿಗೆ ಬಂದೆವು ಅಂತ ಲೆಕ್ಕ. ಇದನ್ನು ನೋಡೋಕೆ ಹವಾಯಿಗೇ ಹೋಗಬೇಕಿಲ್ಲ. ಬೀದರ್ ಕೂಡ ಹೆಚ್ಚುಕಮ್ಮಿ ಅದೇ ಅಕ್ಷಾಂಶದ ಹತ್ತಿರ ಇದೆ. ಮೇ ಕೊನೆಯ ವಾರ ರಾತ್ರಿ ಹತ್ತೂವರೆ ಸುಮಾರಿಗೆ ಮಾಳಿಗೆ ಮೇಲೆ ಅಂಗಾತ ಮಲಗಿದರೆ ಸಾಕು.

1975ರ ಮಾರ್ಚ್ 8ರಂದು ಒವಾಹು ದ್ವೀಪದ ಕಡಲತೀರದಲ್ಲಿ ಈ ನಕ್ಷತ್ರದ ಹೆಸರಿನ ಜೋಡಿ ದೋಣಿಯೊಂದನ್ನು ನೀರಿಗಿಳಿಸಿದರು. ಉದ್ದ ಸುಮಾರು 62 ಅಡಿ. ಪಕ್ಕಪಕ್ಕದಲ್ಲಿ ಎರಡು ಒಡಲು, ಅವನ್ನು ಸೇರಿಸುವ ಅಡ್ಡ ತೊಲೆಗಳು, ಮೇಲೆ ಹಲಗೆಯ ಅಟ್ಟ, ಏಡಿಯ ಕೊಂಡಿಯಂತೆ ಬಾಗಿದ ಹಾಯಿ. ಒಡಲನ್ನೂ ತೊಲೆಯನ್ನೂ ಹಿಡಿದಿಟ್ಟಿರುವುದು ಹಗ್ಗ. ಒಟ್ಟು ಹತ್ತಿರ ಹತ್ತಿರ ಐದು ಮೈಲಿ ಹಗ್ಗ! ಮೊಳೆ ಹೊಡೆದು ಗಟ್ಟಿಮಾಡಿದರೆ ದೊಡ್ಡ ಅಲೆಯ ಏಟಿಗೆ ಎಲ್ಲೋ ಒಂದು ಕಡೆ ಸೀಳುತ್ತದೆ. ಹಗ್ಗದ ಕಟ್ಟಾದರೆ ಅಲೆ ಎತ್ತಿದಾಗ ಬಳುಕುತ್ತದೆ, ಇಳಿಸಿದಾಗ ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ಆದರೆ ಒಡಲು ಮಾಡಿದ್ದು ಪ್ಲೈವುಡ್ ಮತ್ತು ಫೈಬರ್‌ಗ್ಲಾಸಿನಿಂದ. ಸುಮ್ನೆ ಮುಚ್ಚಿಡುವುದು ಯಾಕೆ? ಮರ ಕಡಿದು ಕೊರೆದು ಇಷ್ಟು ದೊಡ್ಡ ಜೋಡಿ ದೋಣಿ ಮಾಡುವ ರೂಢಿ ಉಳಿದಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಇಂಥ ದೋಣಿಯಲ್ಲಿ ದೂರದ ಸಮುದ್ರ ದಾಟುವುದು ಹವಾಯಿಯಲ್ಲಿ ನಿಂತು ಎಷ್ಟೋ ಶತಮಾನ ಆಗಿತ್ತು.

ಸಮುದ್ರದ ದಾರಿ ಗೊತ್ತಿದ್ದವರ ಮಾತನ್ನು ಹೊರಗಿನವರು ಕೇಳಿಸಿಕೊಂಡಿದ್ದೂ ಕಡಿಮೆಯೇ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಹತ್ತಿದ, ಟಹೀಟಿ ಹತ್ತಿರದ ರಾಯಿಯಾಟೆಯಾ ದ್ವೀಪದ ತುಪಾಯಿಯಾ ಎಂಬ ಪೂಜಾರಿ, ಎಪ್ಪತ್ತಕ್ಕೂ ಹೆಚ್ಚು ದ್ವೀಪಗಳನ್ನು ತೋರಿಸುವ ನಕ್ಷೆಗೆ ತನ್ನ ನೆನಪಿನಿಂದಲೇ ವಿವರ ಕೊಟ್ಟಿದ್ದ. ಆಮೇಲೆ ಬಂದ ಎಷ್ಟೋ ಯುರೋಪಿಯನ್ನರಿಗೆ ಮಾತ್ರ ಈ ಜನ ಬೇಕೆಂದೇ ದಿಕ್ಕು ಹಿಡಿದು ಹೋಗುತ್ತಿದ್ದರು ಅನ್ನುವುದೇ ನಂಬಿಕೆಯಾಗಲಿಲ್ಲ. 1947ರಲ್ಲಿ ನಾರ್ವೆಯ ಥಾರ್ ಹೆಯರ್‌ಡಾಲ್ ಪೆರುವಿನಿಂದ ತೆಪ್ಪದಲ್ಲಿ 101 ದಿನ ತೇಲಿ ಪಾಲಿನೇಷ್ಯಾ (ಹವಾಯಿ, ಟಹೀಟಿ, ನ್ಯೂಜಿಲೆಂಡ್ ಎಲ್ಲ ಸೇರುವ ಪೆಸಿಫಿಕ್ ದ್ವೀಪಗಳ ನಾಡು) ತಲುಪಿ, ಇಲ್ಲಿಗೆ ಜನ ದಕ್ಷಿಣ ಅಮೆರಿಕದಿಂದ ಗಾಳಿ ತಂದ ಹಾಗೆ ಬಂದರು ಅಂದ. ಹತ್ತು ವರ್ಷದೊಳಗೆ ನ್ಯೂಜಿಲೆಂಡಿನ ಆಂಡ್ರ್ಯೂ ಶಾರ್ಪ್ ಎಂಬ ಇತಿಹಾಸಕಾರ, ದೂರದ ದ್ವೀಪಗಳಿಗೆ ಜನ ಸೇರಿದ್ದು ದಾರಿ ತಪ್ಪಿ, ಆಕಸ್ಮಿಕವಾಗಿ ಅಂತ ವಾದಿಸಿದ. ಅಂದರೆ ನಿಮ್ಮ ಮುತ್ತಾತ ನಾವಿಕನಲ್ಲ, ದಿಕ್ಕು ತಪ್ಪಿದ ಬೆಸ್ತ ಅಂದ ಹಾಗಾಯಿತು. ಮನೆಯವರಿಗೆ ಉರಿಯದೆ ಇರುತ್ತದೆಯೇ?

ತಮಾಷೆ ನೋಡಿ, ದಾರಿಯ ಗುರುತು ಕಣ್ಣೆದುರೇ ಇತ್ತು. ಹವಾಯಿಯ ಕಹೋಲವೆ ದ್ವೀಪದ ಪಕ್ಕದ ನೀರಿನ ಹಾದಿಗೆ ಇವತ್ತಿಗೂ ಕೆಯಾಲಾಯ್ಕಹಿಕಿ ಅಂತ ಹೆಸರು. ಕಹಿಕಿ ಅಂದರೆ ಟಹೀಟಿ. ಟಹೀಟಿಗೆ ಹೋಗುವ ದಾರಿ! ಆದರೆ 1941ರಿಂದ ಅಮೆರಿಕದ ಸೇನೆ ಆ ದ್ವೀಪವನ್ನೇ ಬಾಂಬ್ ಹಾಕಿ ಅಭ್ಯಾಸ ಮಾಡುವ ಜಾಗ ಮಾಡಿಕೊಂಡಿತ್ತು. ಶಾಲೆಗಳಲ್ಲಿ ಹವಾಯಿ ಭಾಷೆಯಲ್ಲಿ ಪಾಠ ಹೇಳುವುದು 1896ರ ಕಾನೂನಿನಿಂದ ನಿಂತುಹೋಗಿತ್ತು. ಹಾಗಾಗಿ ದೋಣಿಯ ಸುತ್ತ ಜನ ಸೇರಿದ್ದು ಬರೀ ದೋಣಿಗಾಗಿ ಅಲ್ಲ.

1973ರಲ್ಲಿ ಮೂವರು ಸೇರಿ ಪಾಲಿನೇಷ್ಯನ್ ವಾಯೇಜಿಂಗ್ ಸೊಸೈಟಿ ಶುರುಮಾಡಿದರು. ಬೆನ್ ಫಿನ್ನಿ ಮಾನವಶಾಸ್ತ್ರಜ್ಞ, ಹರ್ಬ್ ಕಾನೆ ಹವಾಯಿ ಮೂಲದ ಚಿತ್ರಕಾರ, ಟಾಮಿ ಹೋಮ್ಸ್ ಸಮುದ್ರದಲ್ಲೇ ಬೆಳೆದವನು. ಫಿನ್ನಿಗೆ ಬೇಕಿದ್ದದ್ದು ಪ್ರಯೋಗ: ಹಳೆಯ ಮಾದರಿಯ ದೋಣಿ, ಉಪಕರಣ ಇಲ್ಲದ ಪ್ರಯಾಣ, ಶಾರ್ಪ್‌ನ ವಾದಕ್ಕೆ ಉತ್ತರ. ಕಾನೆಗೆ ಬೇಕಿದ್ದದ್ದು ಹವಾಯಿಯವರು ಮುಟ್ಟಿ ನಮ್ಮದು ಅನ್ನುವಂಥ ಒಂದು ವಸ್ತು. ಎರಡು ಆಸೆ, ದೋಣಿ ಮಾತ್ರ ಒಂದೇ. ಜಗಳದ ಬೀಜ ಅಲ್ಲೇ ಬಿದ್ದಿತ್ತು.

ದಾರಿ ತೋರಿಸುವವರು ಯಾರು? ಇಡೀ ಹವಾಯಿಯಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಪೆಸಿಫಿಕ್ ಸಾಗರದ ಪಶ್ಚಿಮ ಭಾಗದ ಮೈಕ್ರೊನೇಷ್ಯಾದಲ್ಲಿರುವ ಸತವಾಲ್ ಎಂಬ ಪುಟ್ಟ ದ್ವೀಪದ ಮೌ ಪಿಯಾಯ್ಲುಗ್. ಅವರು ಪಾಲಿನೇಷ್ಯಾದವರೂ ಅಲ್ಲ, ಹವಾಯಿ ಭಾಷೆ ಅವರಿಗೆ ಬರುತ್ತಿರಲಿಲ್ಲ. ಚಿಕ್ಕ ಮಗುವಾಗಿದ್ದಾಗಲೇ ಅವರ ತಾತ ಅವರನ್ನು ಕಡಲಂಚಿನ ನೀರಿನ ಗುಂಡಿಗಳಲ್ಲಿ ಕೂರಿಸುತ್ತಿದ್ದರಂತೆ, ನೀರಿನ ಓಟ ಮೈಗೆ ಗೊತ್ತಾಗಲಿ ಅಂತ. ಸತವಾಲ್‌ನಲ್ಲಿ ಈ ವಿದ್ಯೆ ಮನೆತನದ ಗುಟ್ಟು, ಹೊರಗಿನವರಿಗೆ ಹೇಳಿಕೊಡುವ ಪದ್ಧತಿ ಇಲ್ಲ. ಮೌ ಆ ಕಟ್ಟು ಮುರಿದರು. ಅದಕ್ಕಾಗಿ ಊರಲ್ಲಿ ಬೈಸಿಕೊಂಡರು ಕೂಡ. ಆದರೆ ಊರಿನ ಹುಡುಗರೇ ಕಲಿಯೋಕೆ ಬರದಿದ್ದರೆ ಗುಟ್ಟು ಕಾಪಾಡಿ ಏನು ಮಾಡೋದು?

1976ರ ಮೇ 1ರಂದು ಹವಾಯಿಯ ಮಾವಿ ದ್ವೀಪದಿಂದ ಟಹೀಟಿಗೆ ಹೊರಟರು. ದೋಣಿಯಲ್ಲಿ ಹಂದಿ, ನಾಯಿ, ಕೋಳಿ ಎಲ್ಲ ಇತ್ತು, ಹಿಂದಿನವರು ಹೊಸ ದ್ವೀಪಕ್ಕೆ ಸಂಸಾರ ಸಮೇತ ಹೋದ ಹಾಗೆ. ದಿಕ್ಸೂಚಿ, ಗಡಿಯಾರ, ನಕ್ಷೆ ಯಾವುದನ್ನೂ ಮೌ ಬಳಸಲಿಲ್ಲ. ಜೂನ್ 4ರಂದು ಟಹೀಟಿಯ ಪಪೇಯೆಟೆ ಬಂದರಿಗೆ ಬಂದಾಗ ದಡದಲ್ಲಿ 17,000ಕ್ಕೂ ಜಾಸ್ತಿ ಜನ. ಮಕ್ಕಳು ಈಜಿಕೊಂಡು ಬಂದು ಹತ್ತಿದ ಭಾರಕ್ಕೆ ದೋಣಿಯ ಹಿಂಭಾಗ ನೀರಲ್ಲಿ ಮುಳುಗಿತು. ಆ ಜನರನ್ನು ಯಾರೂ ಪ್ರಯೋಗಕ್ಕೆ ಅಂತ ಕರೆದಿರಲಿಲ್ಲ.

ದೋಣಿಯ ಒಳಗಿನ ಕಥೆ ಬೇರೆ. ತಿಂಗಳಿಡೀ ಆ ಇಕ್ಕಟ್ಟಿನಲ್ಲಿ, ಇದು ವಿಜ್ಞಾನಿಗಳ ದೋಣಿಯೋ ನಮ್ಮದೋ ಅನ್ನುವ ತಕರಾರು ಕುದಿಯುತ್ತಲೇ ಇದ್ದು, ಕೊನೆಗೆ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಮೌಗೆ ಬೇಸರವಾಗಿ ಟಹೀಟಿಯಿಂದಲೇ ಊರಿಗೆ ಹೊರಟುಬಿಟ್ಟರು. ಈ ಭಾಗವನ್ನು ಹೊಗಳಿಕೆಯ ಬರಹಗಳು ಸಾಮಾನ್ಯವಾಗಿ ಹಾರಿಸುತ್ತವೆ. ನನಗೆ ಮಾತ್ರ ಇದೇ ಮುಖ್ಯ ಅನಿಸುತ್ತದೆ. ದೋಣಿ ಎರಡು ವರ್ಷದಲ್ಲಿ ಸಿದ್ಧವಾಗಿತ್ತು, ಅದರ ಸುತ್ತ ಇರಬೇಕಾದ ಊರು ಇನ್ನೂ ಸಿದ್ಧವಾಗಿರಲಿಲ್ಲ.

ಅದಕ್ಕೆ ತೆತ್ತ ಬೆಲೆ ದೊಡ್ಡದು. 1978ರ ಮಾರ್ಚ್‌ನಲ್ಲಿ ಮೌ ಇಲ್ಲದೆ, ಜೋರು ಗಾಳಿಯಲ್ಲಿ, ಭಾರ ಹೇರಿಕೊಂಡು ಹೊರಟ ದೋಣಿ ಮೊದಲ ರಾತ್ರಿಯೇ ಮೊಲೊಕಾಯಿ ಕಾಲುವೆಯಲ್ಲಿ ಮಗುಚಿತು. ಎಲ್ಲರೂ ಒಡಲಿಗೆ ಜೋತುಬಿದ್ದಿದ್ದಾಗ ಎಡ್ಡಿ ಐಕಾವು ಎಂಬ 31ರ ಹರೆಯದ ಲೈಫ್‌ಗಾರ್ಡ್, ಹೆಸರಾಂತ ಸರ್ಫರ್, ತನ್ನ ಸರ್ಫ್‌ಬೋರ್ಡ್ ಮೇಲೆ ಸಹಾಯ ತರುತ್ತೇನೆಂದು ಹೊರಟ. ಉಳಿದವರನ್ನು ಕೋಸ್ಟ್ ಗಾರ್ಡ್ ಪಾರುಮಾಡಿತು. ಐಕಾವು ಸಿಗಲೇ ಇಲ್ಲ.

ಇಲ್ಲಿಗೆ ಎಲ್ಲ ಮುಗಿಯಬಹುದಿತ್ತು. ಆ ದೋಣಿಯಲ್ಲೇ ಇದ್ದ ನೈನೋವಾ ಥಾಂಪ್ಸನ್ ಮೌ ಹತ್ತಿರ ಹೋಗಿ ಕಲಿಸಿ ಎಂದು ಕೇಳಿದ. ಮೌ ಹವಾಯಿಗೆ ವಾಪಸ್ ಬಂದರು. ಇಬ್ಬರೂ ಕಡಲ ಬಂಡೆಯ ಮೇಲೆ ಕೂತು ನೋಡುತ್ತಿದ್ದರು: ಸೂರ್ಯ ಹುಟ್ಟುವಾಗಿನ ಬಣ್ಣ, ಮೋಡ, ಅಲೆ ಯಾವ ಕಡೆಯಿಂದ ಉಬ್ಬಿ ಬರುತ್ತಿದೆ, ಇಷ್ಟೇ ಪಾಠ. ನೈನೋವಾ ತನ್ನ ಕಡೆಯಿಂದ ಹೊನೊಲುಲುವಿನ ತಾರಾಲಯದಲ್ಲಿ ಗಂಟೆಗಟ್ಟಲೆ ಕೂತು ಆಕಾಶ ಓದಿದ. ಒಂದು ಲೆಕ್ಕ ನನಗೆ ತುಂಬ ಇಷ್ಟ. ದಕ್ಷಿಣ ಶಿಲುಬೆ, ಅಂದರೆ ನಮ್ಮ ತ್ರಿಶಂಕು, ನೆಟ್ಟಗೆ ನಿಂತಾಗ ಅದರ ಮೇಲಿನ ಚುಕ್ಕಿಗೂ ಕೆಳಗಿನ ಚುಕ್ಕಿಗೂ ಇರುವ ಅಂತರ, ಕೆಳಗಿನ ಚುಕ್ಕಿಗೂ ದಿಗಂತಕ್ಕೂ ಇರುವ ಅಂತರಕ್ಕೆ ಸಮವಾದರೆ, ಹವಾಯಿಯ ಅಕ್ಷಾಂಶಕ್ಕೆ ಬಂದಿದ್ದೀರಿ. ಕಣ್ಣು ಮತ್ತು ಬೆರಳು ಇದ್ದರೆ ಸಾಕು.

1980ರಲ್ಲಿ ನೈನೋವಾ ಟಹೀಟಿಗೆ ಹೋಗಿ ಬಂದ. ಎಷ್ಟೋ ಶತಮಾನದ ನಂತರ ಹೀಗೆ ದಾರಿ ಹಿಡಿದ ಮೊದಲ ಹವಾಯಿಯವನು ಆತ. ಅಷ್ಟರಲ್ಲಿ ಸೊಸೈಟಿಯ ರೀತಿಯೇ ಬದಲಾಗಿತ್ತು. ತರಬೇತಿ ಕಡ್ಡಾಯ, ಹಿಂದೆ ಬೆಂಗಾವಲು ದೋಣಿ. ನೈನೋವಾನ ತಂದೆ ಪಿಂಕಿ ಥಾಂಪ್ಸನ್ ಜವಾಬ್ದಾರಿ ಹೊತ್ತು, ನಾವು ಯಾಕೆ ಹೋಗುತ್ತಿದ್ದೇವೆ ಅನ್ನುವುದನ್ನು ಮೊದಲು ಕೂತು ಮಾತಾಡಿ ಅಂದರು. ಇಂಥ ಮಾತುಕತೆ ಸುದ್ದಿಯಾಗುವುದಿಲ್ಲ. ಆದರೆ ಪಟ್ಟು ಸಡಿಲಾಗಿದ್ದು ಅದರಿಂದಲೇ.

ಆಮೇಲೆ ಕೆಲಸ ಒಂದು ದ್ವೀಪದ್ದಾಗಿ ಉಳಿಯಲಿಲ್ಲ. 1985ರಲ್ಲಿ ಹೋಕುಲೆಯಾ ನ್ಯೂಜಿಲೆಂಡಿನ ವೈಟಂಗಿ ತಲುಪಿದಾಗ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಹಿರಿಯ ಸರ್ ಜೇಮ್ಸ್ ಹೆನಾರೆ, ಉತ್ತರದ ಐದು ಕುಲಗಳ ಜೊತೆ ಇವರದು ಆರನೇ ಕುಲ ಅಂದುಬಿಟ್ಟರು. ಆ ನಾಡಿನಲ್ಲೇ ಹೆಕ್ ಬಸ್ಬಿ ಕೌರಿ ಮರದಿಂದ ತೆ ಔರೆರೆ ಎಂಬ ದೋಣಿ ಕಟ್ಟಿ 1992ರಲ್ಲಿ ಕುಕ್ ದ್ವೀಪಗಳವರೆಗೂ ನಡೆಸಿದರು. ಹವಾಯಿಯ ದೊಡ್ಡ ದ್ವೀಪದವರು 1995ರಲ್ಲಿ ಮಕಾಲಿಯಿ ಅಂತ ಇನ್ನೊಂದನ್ನು ಇಳಿಸಿದರು. ಮಕಾಲಿಯಿ ಅಂದರೆ ಕೃತ್ತಿಕೆ. ಸ್ವಾತಿ ಆಯಿತು, ಕೃತ್ತಿಕೆ ಆಯಿತು, ನಮ್ಮ ಪಂಚಾಂಗ ಬಿಡಿಸಿಟ್ಟುಕೊಂಡು ಹೆಸರಿಟ್ಟ ಹಾಗಿದೆ!

ಸಮುದ್ರದ ಕಥೆಗಿಂತ ಕಾಡಿನ ಕಥೆ ನನ್ನ ಮನಸ್ಸಿನಲ್ಲಿ ಹೆಚ್ಚು ಕೂತಿದೆ. 1990ರ ಸುಮಾರಿಗೆ, ಈ ಸಲ ಪ್ಲೈವುಡ್ ಬೇಡ, ಹಿಂದಿನವರ ಹಾಗೆ ಕೋವಾ ಮರದಲ್ಲೇ ಮಾಡೋಣ ಅಂತ ಹೊರಟರು. ಬೇಕಿದ್ದದ್ದು ಎರಡು ದೊಡ್ಡ, ರೋಗವಿಲ್ಲದ, ನೆಟ್ಟಗಿನ ಮರ. ತಿಂಗಳುಗಟ್ಟಲೆ ಕಾಡು ಅಲೆದರೂ ಸಿಗಲಿಲ್ಲ. ಇನ್ನೂರು ವರ್ಷದಿಂದ ದನಗಳು ಸಸಿ ಮೇಯ್ದಿದ್ದವು, ಮನುಷ್ಯರು ದೊಡ್ಡ ಮರ ಕಡಿದಿದ್ದರು. ಒಂದು ಕಾಲಕ್ಕೆ ದೋಣಿಗಳ ಸಾಲು ಸಾಲೇ ಕೊಟ್ಟ ಕಾಡಲ್ಲಿ ಒಂದು ಜೋಡಿ ಒಡಲಿಗೆ ಆಗುವಷ್ಟು ಮರ ಇಲ್ಲ. ಸುದ್ದಿ ಕೇಳಿ ಅಲಾಸ್ಕಾದ ಮೂಲನಿವಾಸಿಗಳು, ಟ್ಲಿಂಗಿಟ್, ಹೈಡಾ, ಸಿಮ್ಶಿಯಾನ್ ಜನರ ಸೀಲಾಸ್ಕಾ ಸಂಸ್ಥೆಯವರು, ಸುಮಾರು 400 ವರ್ಷದ ಎರಡು ಸ್ಪ್ರೂಸ್ ಮರ ಕೊಡುತ್ತೇವೆ ಅಂದರು. ನೈನೋವಾ ಅಲ್ಲಿಗೆ ಹೋಗಿ ಮರದ ಬುಡದಲ್ಲಿ ನಿಂತ. ಕಡಿಯಿರಿ ಅನ್ನೋಕೆ ಬಾಯಿ ಬರಲಿಲ್ಲ, ವಾಪಸ್ ಬಂದ. ನಮ್ಮ ಕಾಡನ್ನು ನಾವೇ ಮುಗಿಸಿ, ಇನ್ನೊಬ್ಬರ ಕಾಡಿನ ಮರ ಕಡಿದು ತರೋದಾ? ಹಿರಿಯರ ಹತ್ತಿರ ಮಾತಾಡಿದ ಮೇಲೆ ಮೊದಲು ಹವಾಯಿಯಲ್ಲಿ ಕೋವಾ ಸಸಿ ನೆಡುವ ಕೆಲಸ ಶುರುವಾಯಿತು. ಮಕ್ಕಳು, ದೊಡ್ಡವರು ಎಲ್ಲ ಸೇರಿ ಸಾವಿರಾರು ಸಸಿ ನೆಟ್ಟರು. ಅಲಾಸ್ಕಾದ ಮರಗಳು ಬಿದ್ದಿದ್ದು ಅದಾದ ಮೇಲೆಯೇ. ಅವುಗಳಿಂದ ಆದ ಹವಾಯಿಲೋವಾ 1993ರಲ್ಲಿ ನೀರಿಗಿಳಿಯಿತು. ನೆಟ್ಟ ಕೋವಾ ದೋಣಿಯಾಗುವಷ್ಟು ದಪ್ಪವಾಗಲು ನೂರು ವರ್ಷ ಬೇಕು. ನೆಟ್ಟವರಲ್ಲಿ ಒಬ್ಬರೂ ಆ ದೋಣಿ ನೋಡುವುದಿಲ್ಲ.

ಎಲ್ಲ ಕಡೆ ಹೀಗೆ ಕಳೆದುಕೊಂಡು ಹುಡುಕಿದ್ದೇ ಅಲ್ಲ. ಸೊಲೊಮನ್ ದ್ವೀಪಗಳ ಮೂಲೆಯ ಟೌಮಾಕೊದಲ್ಲಿ ಪಾಲಿನೇಷ್ಯನ್ ಜನರ ಒಂದು ಸಣ್ಣ ಊರಿದೆ. ಅಲ್ಲಿ ತೆ ಪುಕೆ ಎಂಬ ಹಾಯಿದೋಣಿ ಕಟ್ಟುವುದು ಹಿರಿಯರಿಗೆ ಗೊತ್ತಿತ್ತು. 1990ರ ದಶಕದಲ್ಲಿ ಅಲ್ಲಿನ ಮುಖ್ಯಸ್ಥ ಕೊಲೊಸೊ ಕವೆಯಾ, ನಾನು ಹೋದರೆ ಇದೂ ಹೋಗುತ್ತದೆ ಅಂತ ಕಂಡು ಊರಿನವರನ್ನು ಸೇರಿಸಿ ಮತ್ತೆ ಶುರುಮಾಡಿಸಿದರು. ಅಲ್ಲಿ ಹಾಯಿ ಅಂದರೆ ಎಲೆಯ ಚಾಪೆ. ನಮ್ಮ ಕೇದಗೆಯ ನೆಂಟರಾದ ಗಿಡಗಳ ಎಲೆ ಕೊಯ್ದು, ಒಣಗಿಸಿ, ಸೀಳಿ, ಹೆಂಗಸರು ಹೆಣೆಯುತ್ತಾರೆ. ಹಗ್ಗಕ್ಕೆ ತೆಂಗಿನ ನಾರನ್ನು ಕೈಯಲ್ಲೇ ಹೊಸೆಯಬೇಕು. ಸುಮ್ನೆ ಲೆಕ್ಕ ಹಾಕಿ, ದೋಣಿ ಪೂರ್ತಿ ಕಟ್ಟುವಷ್ಟು ಹುರಿ ಹೊಸೆಯೋಕೆ ಎಷ್ಟು ತೊಡೆ, ಎಷ್ಟು ಸಂಜೆ ಬೇಕು ಅಂತ! ತೇರು ಒಬ್ಬನೇ ಎಳೆಯುವುದು ಹೇಗೆ ಆಗುವುದಿಲ್ಲವೋ ಇದೂ ಹಾಗೇ. ನಮ್ಮ ಕಡೆಯೂ ತೆಂಗಿನ ಹುರಿಯಿಂದ ಹಲಗೆ ಹೊಲಿದು ಹಡಗು ಮಾಡುತ್ತಿದ್ದರು. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಅಂಥದ್ದೇ, ಅದನ್ನು ಹೊಲಿದವರು ಕೇರಳದ ಕುಶಲಕರ್ಮಿಗಳು.

ಫೈಬರ್‌ಗ್ಲಾಸ್ ದೋಣಿ ಸಂಪ್ರದಾಯ ಹೇಗಾದೀತು ಅನ್ನುವ ಜಗಳ ಇನ್ನೂ ಮುಗಿದಿಲ್ಲ, ಮುಗಿಯೋದೂ ಬೇಡ. ನನ್ನ ಓಟು ಹೋಕುಲೆಯಾ ಕಡೆಗೆ. ಟೌಮಾಕೊಗೆ ಎಲೆ, ಮರ, ಹಿರಿಯರು ಮೂರೂ ಇದ್ದರು. ಹವಾಯಿಗೆ ಆ ಅನುಕೂಲ ಇರಲಿಲ್ಲ, ಕಾಯುತ್ತಾ ಕೂತಿದ್ದರೆ ಮೌ ಕೂಡ ಸಿಗುತ್ತಿರಲಿಲ್ಲ. 2014ರಿಂದ 2017ರವರೆಗೆ ಅದೇ ಪ್ಲೈವುಡ್ ದೋಣಿ ಭೂಮಿಯನ್ನೇ ಸುತ್ತಿ ಬಂತು. ಹೊರಡುವ ಮೊದಲು ಅದನ್ನು ದಡಕ್ಕೆಳೆದು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದರು. ಉಜ್ಜಿದವರಲ್ಲಿ, ಹಗ್ಗ ಬಿಗಿದವರಲ್ಲಿ ಬಹಳ ಜನ ರಜಾ ದಿನ ಬಂದ ಸ್ವಯಂಸೇವಕರು, ದೋಣಿ ಹತ್ತಿ ಹೋಗುವ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ.

ಮೌ ಋಣ ಹೇಗೆ ತೀರಿಸುವುದು ಅನ್ನುವುದು ಹವಾಯಿಯವರಿಗೆ ಬಹಳ ದಿನದಿಂದ ಇದ್ದ ಚಿಂತೆ. ಮಕಾಲಿಯಿ ಕಟ್ಟಿದ ತಂಡವೇ ಇನ್ನೊಂದು ಜೋಡಿ ದೋಣಿ ಕಟ್ಟಿ 2007ರಲ್ಲಿ ಸತವಾಲ್‌ಗೆ ನಡೆಸಿಕೊಂಡು ಹೋಗಿ ಅವರಿಗೆ ಒಪ್ಪಿಸಿತು. ಅಲ್ಲೇ ಮೌ, ಅರ್ಧ ಶತಮಾನದಿಂದ ಆ ದ್ವೀಪದಲ್ಲಿ ನಡೆಯದಿದ್ದ ಪ್ವೊ ಎಂಬ ದೀಕ್ಷೆ ನಡೆಸಿ ನೈನೋವಾನನ್ನೂ ಇನ್ನೂ ನಾಲ್ವರು ಹವಾಯಿಯವರನ್ನೂ, ತಮ್ಮ ಕಡೆಯ ಹನ್ನೊಂದು ಜನರನ್ನೂ ನಾವಿಕರ ಸಾಲಿಗೆ ಸೇರಿಸಿದರು. ದೋಣಿಯ ಹೆಸರು ಅಲಿಂಗಾನೊ ಮೈಸು. ಮೈಸು ಅಂದರೆ ಬಿರುಗಾಳಿಗೆ ಉದುರಿದ ಜೀಗುಜ್ಜೆ. ಮರದಲ್ಲಿರುವ ಕಾಯಿಗೆ ಒಡೆಯ ಇರುತ್ತಾನೆ, ಗಾಳಿಗೆ ಬಿದ್ದದ್ದನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದು. ಮೌ 2010ರಲ್ಲಿ ತೀರಿಕೊಂಡರು. ಮೈಸುವಿನ ಚುಕ್ಕಾಣಿ ಅವರ ಮಗ ಸೆಸಾರಿಯೊ ಕೈಗೆ ಬಂತು. ಪಲಾವ್ ದ್ವೀಪದ ಕಾಲೇಜಿನ ಹುಡುಗ ಹುಡುಗಿಯರಿಗೆ ಆತ ಅದೇ ದೋಣಿಯ ಮೇಲೆ ನಕ್ಷತ್ರ ತೋರಿಸಿ ಪಾಠ ಶುರುಮಾಡಿದ.