ಆ ಬಟನ್ ಇನ್ನೊಮ್ಮೆ ಒತ್ತಬೇಡಿ

ನಮ್ಮ ಪೇಮೆಂಟ್ ಕಂಪನಿಯ ಸಪೋರ್ಟ್‌ಗೆ ಬರುವ ದೂರುಗಳಲ್ಲಿ ಒಂದನ್ನು ನಾನು ನಿದ್ದೆಗಣ್ಣಲ್ಲೂ ಗುರುತಿಸುತ್ತೇನೆ. "ಪೇಮೆಂಟ್ ಫೇಲ್ ಆಯ್ತು, ಅದಕ್ಕೇ ಮತ್ತೆ ಮಾಡಿದೆ, ಈಗ ಎರಡು ಸಲ ದುಡ್ಡು ಹೋಗಿದೆ." ಸ್ಕ್ರೀನ್ ಮೇಲೆ ಫೇಲ್ ಅಂತಲೇ ಬಂದಿತ್ತಾ ಅಂತ ಕೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಇಲ್ಲ, ಪೆಂಡಿಂಗ್ ಅಂತಿತ್ತು. ಎರಡೂ ಒಂದೇ ಅಲ್ವಾ?"

ಒಂದೇ ಅಲ್ಲ. ಹತ್ತಿರದ ಸಂಬಂಧವೂ ಇಲ್ಲ.

ಫೇಲ್ ಅಂದರೆ ಬ್ಯಾಂಕು, ಇಲ್ಲವೇ ನಡುವಿನ ಕಾರ್ಡ್ ನೆಟ್‌ವರ್ಕು, ಉತ್ತರ ಕೊಟ್ಟಿದೆ, ಆ ಉತ್ತರ "ಆಗಲ್ಲ" ಅಂತ. ಕಾರ್ಡ್ ಪೇಮೆಂಟ್‌ಗಳು ಮಾತಾಡಿಕೊಳ್ಳುವ ಐಎಸ್‌ಒ 8583 ಅನ್ನೋ ಭಾಷೆ 1987ರಿಂದ ಇದೆ. ಅದರಲ್ಲಿ ಉತ್ತರದ ಜೊತೆ ಸಾಮಾನ್ಯವಾಗಿ ಎರಡಕ್ಷರದ ಕೋಡ್ ಬರುತ್ತದೆ. 00 ಬಂದರೆ ಒಪ್ಪಿಗೆ. 51 ಬಂದರೆ ಖಾತೆಯಲ್ಲಿ ಸಾಕಷ್ಟು ದುಡ್ಡಿಲ್ಲ. 91 ಬಂದರೆ ಕಾರ್ಡ್ ಕೊಟ್ಟ ಬ್ಯಾಂಕಿನ ಸಿಸ್ಟಂ ಸಿಗುತ್ತಿಲ್ಲ. 05 ಬಂದರೆ ಸುಮ್ನೆ "ಬೇಡ" ಅಂತ, ಕಾರಣ ಹೇಳಲ್ಲ. (05 ಯಾಕೆ ಬಂತು ಅಂತ ನನ್ನ ಮೇಲೆ ರೇಗುವವರಿಗೆ: ನಮಗೂ ಅಷ್ಟೇ ಹೇಳಿರುತ್ತಾರೆ, ನಿಮ್ಮ ಬ್ಯಾಂಕನ್ನೇ ಕೇಳಬೇಕು.) ನನ್ನ ಮಟ್ಟಿಗೆ 51 ಕೂಡ ಒಳ್ಳೆ ಸುದ್ದಿಯೇ, ಯಾಕಂದ್ರೆ ಅದು ಒಂದು ಉತ್ತರ.

ಪೆಂಡಿಂಗ್ ಅಂದರೆ ಉತ್ತರವೇ ಬಂದಿಲ್ಲ. ನಮ್ಮ ಸರ್ವರ್‌ನಿಂದ ಹೊರಟ ಸಂದೇಶ ಅರ್ಧ ದಾರಿಯಲ್ಲಿ ಕಳೆದುಹೋಗಿರಬಹುದು, ಅಥವಾ ಬ್ಯಾಂಕಿಗೆ ತಲುಪಿ, ದುಡ್ಡು ಕಟ್ ಆಗಿ, "ಆಯ್ತು" ಅನ್ನೋ ಉತ್ತರ ವಾಪಸ್ ಬರುವಾಗ ಕಳೆದುಹೋಗಿರಬಹುದು. ನಾವು ಕೂತಿರುವ ಜಾಗದಿಂದ ಎರಡೂ ಒಂದೇ ಥರ ಕಾಣುತ್ತದೆ. ಇದು ನಮ್ಮ ಸೋಮಾರಿತನ ಅಲ್ಲ. ಎರಡು ಗುಡ್ಡದ ಮೇಲೆ ಒಂದೇ ಪಕ್ಷದ ಎರಡು ದಂಡು, ನಡುವೆ ಶತ್ರು, ಒಟ್ಟಿಗೆ ದಾಳಿ ಮಾಡಬೇಕು, ಆದರೆ ಸಮಯ ಹೇಳಲು ಓಲೆಕಾರ ಹೋದವನು ತಲುಪಿದನೋ ಸಿಕ್ಕಿಬಿದ್ದನೋ ಗೊತ್ತಾಗಲ್ಲ. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1978ರಲ್ಲಿ ಈ ಸಮಸ್ಯೆಗೆ ಇಬ್ಬರು ಸೇನಾಪತಿಗಳ ಹೆಸರಿಟ್ಟರು. ನಂಬಲಾಗದ ದಾರಿಯಲ್ಲಿ ಎಷ್ಟು ಓಲೆ ಕಳಿಸಿದರೂ ಇಬ್ಬರಿಗೂ ಪೂರ್ತಿ ಖಾತ್ರಿ ಆಗೋದೇ ಇಲ್ಲ. ಅದಕ್ಕೇ ನಾವು ಉತ್ತರ ಬರದಿದ್ದಾಗ ಊಹೆ ಮಾಡಲ್ಲ. ಸ್ಟೇಟಸ್ ಕೇಳುತ್ತೇವೆ, ಕಾರ್ಡ್ ಆಗಿದ್ದರೆ ರಿವರ್ಸಲ್ (ಅಂದ್ರೆ ಆ ಪೇಮೆಂಟ್ ರದ್ದು ಮಾಡಿ ಅನ್ನೋ) ಸಂದೇಶ ಕಳಿಸಬೇಕಾಗಿ ಬರಬಹುದು, ಮತ್ತೆ ಕೇಳುತ್ತೇವೆ. ಆ ಹೊತ್ತಲ್ಲೇ ನೀವು ಎರಡನೇ ಸಲ ಬಟನ್ ಒತ್ತಿರುತ್ತೀರಿ.

ಇಲ್ಲಿ ನಮ್ಮ ಕಡೆಯ ತಪ್ಪೂ ಇದೆ, ಒಪ್ಪಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಖರ್ಚಿನ ಪಕ್ಕ ಪೆಂಡಿಂಗ್ ಅಂತ ಬಂದರೆ ಸಾಮಾನ್ಯವಾಗಿ ಅದರರ್ಥವೇ ಬೇರೆ. ಬ್ಯಾಂಕು ಒಪ್ಪಿದೆ, ದುಡ್ಡನ್ನು ಹಿಡಿದಿಟ್ಟಿದೆ, ಸೆಟಲ್ಮೆಂಟ್, ಅಂದ್ರೆ ದುಡ್ಡಿನ ಕೊನೆಯ ಲೆಕ್ಕ ಚುಕ್ತಾ, ಆಗಬೇಕು ಅಷ್ಟೇ. ಎರಡಕ್ಕೂ ಒಂದೇ ಪದ ಇಟ್ಟು ಜನರನ್ನ ಬೈದರೆ ಹೇಗೆ?

ಒಬ್ಬ ಅಕೌಂಟೆಂಟ್ ಮೇಡಂ ಇದ್ದಾರೆ. ತಿಂಗಳ ಕೊನೆ, 41 ಜನ ಸಪ್ಲೈಯರ್‌ಗಳಿಗೆ ಒಂದೇ ಫೈಲಲ್ಲಿ ಪೇಮೆಂಟ್. ಲಾಗ್ ತೆಗೆದು ನೋಡಿದೆ. 11:02:14ಕ್ಕೆ ಮೊದಲ ಅಪ್‌ಲೋಡ್. 11:02:51ಕ್ಕೆ ಅದೇ ಫೈಲ್, ನಮ್ಮ ಸಿಸ್ಟಂ "ಈ ಹೆಸರಿನ ಫೈಲ್ ಈಗಾಗಲೇ ಬಂದಿದೆ" ಅಂತ ತಿರಸ್ಕರಿಸಿದೆ. 11:03:20ಕ್ಕೆ ಮತ್ತೊಂದು, ಹೆಸರಿನ ಕೊನೆಯಲ್ಲಿ "ಫೈನಲ್". ಆಮೇಲೆ "ಫೈನಲ್2". ಯಾಕೆ ಮೇಡಂ ಅಂದ್ರೆ, "ಅದೇ ಹೆಸರಿದ್ರೆ ನಿಮ್ಮ ಸಿಸ್ಟಂ ತಗೊಳ್ತಾ ಇರ್ಲಿಲ್ಲ ಸರ್" ಅಂದರು, ನಮಗೇ ಉಪಕಾರ ಮಾಡಿದ ಧಾಟಿಯಲ್ಲಿ. ಬಾಗಿಲಿಗೆ ಹಾಕಿದ ಚಿಲಕವನ್ನು ಅಷ್ಟು ಶ್ರದ್ಧೆಯಿಂದ ಬಿಚ್ಚಿದವರನ್ನು ನಾನು ನೋಡಿಲ್ಲ. ಮೂರೂ ಫೈಲ್ ಪಾಸಾದವು. ಬೇರೆಯವರ ಖಾತೆಗೆ ಸೇರಿದ ದುಡ್ಡನ್ನು ನಾವು ನಮ್ಮಷ್ಟಕ್ಕೆ ಎಳೆದು ತರೋಕಾಗಲ್ಲ, ಸಾಮಾನ್ಯವಾಗಿ ಪಡೆದವರು ಒಪ್ಪಬೇಕು. ಪಾಪ, 41 ಜನಕ್ಕೂ ಅವರೇ ಫೋನ್ ಮಾಡಿದರು. ಹೆಚ್ಚಿನವರು ವಾಪಸ್ ಕೊಟ್ಟರು. ಒಬ್ಬರು ಮಾತ್ರ "ಮುಂದಿನ ಎರಡು ತಿಂಗಳದ್ದು ಅಂತ ಇಟ್ಕೊಳ್ತೀನಿ ಬಿಡಿ" ಅಂದರಂತೆ.

ಇನ್ನು ನಮ್ಮ ಸೇವೆಯನ್ನು ತಮ್ಮ ಆ್ಯಪ್‌ಗೆ ಜೋಡಿಸುವ ಡೆವಲಪರ್‌ಗಳು. ನಾವು ಐಡೆಂಪೊಟೆನ್ಸಿ ಕೀ ಅಂತ ಒಂದು ಕೊಡಿ ಅನ್ನುತ್ತೇವೆ, ಅಂದ್ರೆ ಪೇಮೆಂಟಿಗೊಂದು ಗುರುತಿನ ಕೋಡ್. ಇದೇ ಕೀ ಜೊತೆ ಇದೇ ಕೋರಿಕೆ ಹತ್ತು ಸಲ ಬಂದರೂ ಒಂದೇ ಪೇಮೆಂಟ್ ಅಂತ ನಮಗೆ ಗೊತ್ತಾಗಲಿ ಅಂತ. ಅವರ ಕೋಡ್ ನೋಡಿದರೆ ಪ್ರತಿ ರಿಟ್ರೈಗೂ ಹೊಸ ಕೀ ಹುಟ್ಟುತ್ತಿರುತ್ತದೆ. ಫೈಲ್ ಹೆಸರು ಬದಲಾಯಿಸಿದ ಮೇಡಂ ಮಾಡಿದ್ದೂ ಇದನ್ನೇ, ಇವರು ಅದನ್ನು ಆಟೊಮ್ಯಾಟಿಕ್ ಮಾಡಿದ್ದಾರೆ ಅಷ್ಟೇ. ಕೀ ಪೇಮೆಂಟ್‌ಗೆ ಸೇರಿದ್ದು, ಪ್ರಯತ್ನಕ್ಕಲ್ಲ. ಪೇಮೆಂಟ್ ಒಂದೇ ಆದರೆ ಕೀ ಕೂಡ ಒಂದೇ. ಮೊದಲ ಸಲ ಕಳಿಸುವ ಮುಂಚೆಯೇ ಅದನ್ನು ನಿಮ್ಮ ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಳ್ಳಿ, ರಿಟ್ರೈ ಮಾಡುವಾಗ ಅಲ್ಲಿಂದಲೇ ತೆಗೆಯಿರಿ. ಆ ಕೀಯನ್ನು ಎಷ್ಟು ಹೊತ್ತು ನೆನಪಿಡುತ್ತಾರೆ ಅನ್ನೋದು ಒಬ್ಬೊಬ್ಬ ಪ್ರೊವೈಡರ್‌ದು ಒಂದೊಂದು ಥರ, ಡಾಕ್ಯುಮೆಂಟೇಶನ್ ನೋಡಿ.

ಹಾಗಾದ್ರೆ ಎಷ್ಟು ಹೊತ್ತು ಕಾಯಬೇಕು? ಒಂದೇ ಮಾತಲ್ಲಿ ಹೇಳಲಾರೆ. ಕಾರ್ಡ್, ಬ್ಯಾಂಕ್ ವರ್ಗಾವಣೆ, ಬೇರೆ ದೇಶಕ್ಕೆ ಕಳಿಸಿದ್ದು, ಒಂದೊಂದರ ನಿಯಮ ಬೇರೆ. ನಿಮ್ಮ ಒಪ್ಪಂದದಲ್ಲಿ ಏನಿದೆಯೋ ಅದೇ ಕೊನೆ ಮಾತು. ಕಾಯುತ್ತಾ ನಮಗೆ ಬರೆಯಿರಿ, ಆದರೆ ರೆಫರೆನ್ಸ್ ನಂಬರ್ ಹಾಕಿ, ಸಮಯ ಹಾಕಿ, ಯಾವ ಟೈಮ್‌ಝೋನ್ ಅಂತಲೂ ಹಾಕಿ. ಸ್ಕ್ರೀನ್‌ಶಾಟ್ ಬರುತ್ತದೆ, ಅದರಲ್ಲಿ ಫೋನಿನ ಬ್ಯಾಟರಿ 17 ಪರ್ಸೆಂಟ್ ಇದೆ ಅಂತ ಚೆನ್ನಾಗಿ ಕಾಣುತ್ತದೆ, ರೆಫರೆನ್ಸ್ ನಂಬರ್ ಇರುವ ಸಾಲು ಮಾತ್ರ ಕತ್ತರಿಸಿ ಹೋಗಿರುತ್ತದೆ. ಮತ್ತೆ ದಯವಿಟ್ಟು ಚಾಟ್‌ನಲ್ಲಿ ಪೂರ್ತಿ ಕಾರ್ಡ್ ನಂಬರ್, ಸಿವಿವಿ ಕಳಿಸಬೇಡಿ. ನಮಗೆ ಅದು ಬೇಕಾಗೇ ಇಲ್ಲ.

ಆ ಮೇಡಂ ಮೊನ್ನೆ ಮತ್ತೆ ಫೋನ್ ಮಾಡಿದ್ದರು. "ಸರ್, ಪೆಂಡಿಂಗ್ ತೋರಿಸ್ತಿದೆ. ನಾನು ಏನೂ ಮುಟ್ಟಿಲ್ಲ. ಮೌಸ್ ಕೂಡ ಪಕ್ಕಕ್ಕಿಟ್ಟು ಕೂತಿದೀನಿ." ರೆಫರೆನ್ಸ್ ನಂಬರನ್ನು ಅವರೇ ಓದಿ ಹೇಳಿದರು, ಎರಡು ಸಲ, ನಾನು ಕೇಳದೇ ಇದ್ದರೂ. ಹಾಕಿ ನೋಡಿದೆ. ದುಡ್ಡು ನಾಲ್ಕು ನಿಮಿಷದ ಹಿಂದೆಯೇ ತಲುಪಿತ್ತು.