ರೋಬೋ ಸತ್ತರೆ ಅಳುವ ಹುಡುಗನಿಗೆ ಏನೂ ಆಗಿಲ್ಲ

"ಸರ, ನಮ್ಮ ಹುಡುಗ ಸಿನಿಮಾದಾಗಿನ ರೋಬೋ ಸತ್ರ ಗಳಗಳ ಅಳ್ತಾನ್ರಿ. ಹದಿನಾರು ವರ್ಷದಾಂವ. ಡಾಕ್ಟರಿಗೆ ತೋರಸ್ಬೇಕೇನ್ರಿ?"

ಧಾರವಾಡ, ಗದಗ ಕಡೆಯ ಶಾಲೆ-ಕಾಲೇಜುಗಳಿಗೆ ವಿಜ್ಞಾನದ ಬಗ್ಗೆ ಮಾತಾಡಲು ಹೋದಾಗ ಪಾಲಕರಿಂದ ಇಂಥದೊಂದು ಪ್ರಶ್ನೆ ಬಂದೇ ಬರುತ್ತದೆ. ಸಭೆಯಲ್ಲಿ ಕೇಳುವುದಿಲ್ಲ. ಚಹಾ ಕುಡಿಯುವಾಗ, ಪಕ್ಕಕ್ಕೆ ಕರೆದು ಕೇಳುತ್ತಾರೆ. ತೋರಿಸಬೇಕಿಲ್ಲ ಎಂದರೆ ಸಮಾಧಾನವಾಗುವುದಿಲ್ಲ. "ಸುಳ್ಳು ಅಂತ ಗೊತ್ತಿದ್ದೂ ಅಳೋದು ಹುಚ್ಚಲ್ಲೇನ್ರಿ?" ಎಂಬ ಮರುಪ್ರಶ್ನೆ ತಯಾರಾಗಿರುತ್ತದೆ.

ಇದೇನು ದಡ್ಡ ಪ್ರಶ್ನೆಯಲ್ಲ. 1975ರಲ್ಲಿ ಕಾಲಿನ್ ರ‍್ಯಾಡ್‌ಫರ್ಡ್ ಎಂಬ ತತ್ವಶಾಸ್ತ್ರಜ್ಞರು ಇದನ್ನೇ ಗಂಭೀರವಾಗಿ ಎತ್ತಿದ್ದರು. ಇಲ್ಲದೇ ಇರುವವರಿಗಾಗಿ ಮರುಗುವುದು ತರ್ಕಕ್ಕೆ ಹೊಂದುವುದಿಲ್ಲ ಎಂಬುದು ಅವರ ವಾದ. ತತ್ವಶಾಸ್ತ್ರದವರು ಆ ಗಂಟನ್ನು ಇನ್ನೂ ಬಿಡಿಸುತ್ತಲೇ ಇದ್ದಾರೆ. ನನಗೆ ಅದಕ್ಕಿಂತ ಬೆಟಗೇರಿಯ ಒಂದು ನೇಕಾರರ ಮನೆಯಲ್ಲಿ ಕಂಡದ್ದು ಹೆಚ್ಚು ಉಪಯೋಗಕ್ಕೆ ಬಂದಿದೆ.

ಪರಿಚಯದವರ ಮನೆ. ಡಿಪ್ಲೊಮಾ ಓದುವ ಮಗ ಪಡಸಾಲೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದ. ನೋಡುತ್ತಿದ್ದದ್ದು 2010ರ 'ಎಂದಿರನ್' ಚಿತ್ರದ ಹಿಂದಿ ರೂಪ 'ರೋಬೋಟ್'. ಕೋರ್ಟಿನ ಆದೇಶದಂತೆ ರೋಬೋ ಚಿಟ್ಟಿ ತನ್ನ ಅಂಗಾಂಗಗಳನ್ನು ತಾನೇ ಬಿಚ್ಚಿಕೊಳ್ಳುವ ಕೊನೆಯ ಭಾಗ ಬಂದಿತ್ತು. ಹುಡುಗ ಮೂಗು ಒರೆಸಿಕೊಂಡದ್ದು ಅಜ್ಜಿಯ ಕಣ್ಣಿಗೆ ಬಿತ್ತು.

"ಯಾಕೋ ತಮ್ಮಾ, ಯಾರಿಗೆ ಏನಾತು?"

"ಏನಿಲ್ಲ ಬೇ ಆಯಿ. ಚಿಟ್ಟಿನ್ನ ಬಿಚ್ಚಿ ಇಟ್ರು."

"ಯಾರ ಪೈಕಿ ಅಂವಾ?"

"ಮಶೀನ್ ಬೇ."

"ಮಶೀನಿಗೆ ಅಳ್ತಾರೇನೋ ಹುಚ್ಚಪ್ಯಾಲಿ!"

ಅದೇ ರಾತ್ರಿ ಧಾರಾವಾಹಿ ಶುರುವಾಯಿತು. ಸೊಸೆಯ ಊಟದ ತಾಟು ಕಸಿದುಕೊಂಡ ಅತ್ತೆಗೆ ಅಜ್ಜಿ "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಎಂದು ಟಿವಿಯತ್ತ ಕೈ ತೋರಿಸಿ ಶಾಪ ಹಾಕಿದರು. ಆ ನಟಿ ಸಂದರ್ಶನವೊಂದರಲ್ಲಿ ನಗುತ್ತ ಅಡುಗೆ ಹೇಳಿಕೊಟ್ಟದ್ದನ್ನು ಮಧ್ಯಾಹ್ನ ಅವರೇ ನೋಡಿ ಮೆಚ್ಚಿಕೊಂಡಿದ್ದರು. ಇನ್ನು ಆಯುಧಪೂಜೆಯ ದಿನ ಮಗ್ಗಕ್ಕೆ ಕುಂಕುಮ ಹಚ್ಚಿ "ಇವತ್ತ ಅದೂ ದಣಿವಾರಿಸ್ಕೊಳ್ಳಿ" ಎನ್ನುವವರೂ ಅವರೇ. ಮಶೀನಿಗೆ ಮನಸ್ಸು ಕೊಡುವ ವಿದ್ಯೆ ಮೊಮ್ಮಗನಿಗೆ ಎಲ್ಲಿಂದ ಬಂತು ಎಂದು ದೂರ ಹುಡುಕಬೇಕಾಗಿಲ್ಲ.

ಈಗ ನನಗೆ ಬಹಳ ಪ್ರಿಯವಾದ ಪ್ರಯೋಗಕ್ಕೆ ಬರುತ್ತೇನೆ. 1944ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಸುಮಾರು ಎರಡೂವರೆ ನಿಮಿಷದ ಒಂದು ಚಿತ್ರ ತಯಾರಿಸಿದರು. ಅದರಲ್ಲಿ ಮನುಷ್ಯರಿಲ್ಲ, ಪ್ರಾಣಿಗಳಿಲ್ಲ, ಮಾತಿಲ್ಲ. ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಪುಟ್ಟ ವೃತ್ತ, ಮತ್ತು ಬಾಗಿಲಿನಂತೆ ತೆರೆದು ಮುಚ್ಚುವ ಗೆರೆ ಇರುವ ಒಂದು ಆಯತ, ಅಷ್ಟೇ. ಆಕೃತಿಗಳು ಅತ್ತಿತ್ತ ಸರಿದಾಡುತ್ತವೆ, ಹತ್ತಿರ ಬರುತ್ತವೆ, ತಾಗುತ್ತವೆ, ದೂರ ಹೋಗುತ್ತವೆ. ಮೊದಲ ಗುಂಪಿನ 34 ಮಂದಿಗೆ ಇದನ್ನು ತೋರಿಸಿ, ಏನು ಕಂಡಿರೋ ಬರೆಯಿರಿ ಎಂದರು. "ತ್ರಿಕೋನ ಚಲಿಸಿತು, ವೃತ್ತ ಒಳಗೆ ಹೋಯಿತು" ಎಂದು ಬರೀ ರೇಖಾಗಣಿತ ಬರೆದದ್ದು ಒಬ್ಬರೇ ಒಬ್ಬರು. ಮಿಕ್ಕವರಿಗೆಲ್ಲ ಅಲ್ಲಿ ಜೀವಿಗಳು ಕಂಡವು, ಹೆಚ್ಚಿನವರಿಗೆ ಮನುಷ್ಯರೇ ಕಂಡರು. ದೊಡ್ಡ ತ್ರಿಕೋನ ಸಿಟ್ಟಿನ ಪುಂಡನಾಯಿತು, ವೃತ್ತ ಹೆದರಿದ ಹುಡುಗಿಯಾಯಿತು, ಚಿಕ್ಕ ತ್ರಿಕೋನ ಅವಳನ್ನು ಕಾಪಾಡಲು ಬಂದ ಧೈರ್ಯವಂತನಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಪರದೆಯ ಮೇಲೆ ಇದ್ದದ್ದು ಚಲನೆ ಮಾತ್ರ. ಸಿಟ್ಟು, ಹೆದರಿಕೆ, ಕರುಣೆಗಳನ್ನೆಲ್ಲ ಹಾಕಿದ್ದು ನೋಡಿದವರ ಮಿದುಳು. ಅದಕ್ಕೆ ಬೇಕಾದ ಸುಳಿವು ಎಷ್ಟು ಕಡಿಮೆ ನೋಡಿ: ತಾನಾಗಿ ಚಲಿಸಬೇಕು, ದಿಕ್ಕು ಬದಲಿಸಬೇಕು, ಇನ್ನೊಂದರ ಚಲನೆಗೆ ತಕ್ಕಂತೆ ತಾನು ನಡೆದುಕೊಳ್ಳಬೇಕು. ಒಂದು ಚುಕ್ಕೆ ಮುಂದೆ ಹೋದ ಕೂಡಲೇ ಇನ್ನೊಂದು ಹಿಂಬಾಲಿಸಿದರೆ "ಬೆನ್ನು ಹತ್ತಿದೆ" ಎನಿಸುತ್ತದೆ. ಮೊದಲನೆಯದು ವೇಗ ಹೆಚ್ಚಿಸಿದರೆ "ತಪ್ಪಿಸಿಕೊಳ್ಳುತ್ತಿದೆ" ಎನಿಸುತ್ತದೆ. ಯೋಚಿಸಿ ಕಟ್ಟಿದ ಕಥೆಯಲ್ಲ ಇದು, ಕಣ್ಣಿಗೆ ಹಾಗೆಯೇ ಕಾಣುತ್ತದೆ. ಹಸುಗೂಸುಗಳಿಗೂ ಕಾಣುತ್ತದೆ. 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಕೈಲಿ ಹ್ಯಾಮ್ಲಿನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಆರು ಮತ್ತು ಹತ್ತು ತಿಂಗಳ ಕೂಸುಗಳಿಗೆ, ದಿಬ್ಬ ಹತ್ತಲು ಒದ್ದಾಡುವ ಒಂದು ಮರದ ಬಿಲ್ಲೆಯನ್ನು ತೋರಿಸಿದರು. ಇನ್ನೊಂದು ಬಿಲ್ಲೆ ಅದನ್ನು ಮೇಲಕ್ಕೆ ನೂಕಿತು, ಮತ್ತೊಂದು ಕೆಳಕ್ಕೆ ತಳ್ಳಿತು. ಆಮೇಲೆ ಎರಡನ್ನೂ ಮುಂದಿಟ್ಟಾಗ ಬಹುಪಾಲು ಕೂಸುಗಳು ಕೈಚಾಚಿದ್ದು ಸಹಾಯ ಮಾಡಿದ್ದರ ಕಡೆಗೆ.

ಯಾಕೆ ಹೀಗೆ? ಕಪ್ಪತಗುಡ್ಡದ ಅಂಚಿನಲ್ಲಿ ಕುರಿ ಕಾಯುವವನು ಸಂಜೆ ಹೊತ್ತು ಪೊದೆ ಅಲುಗಿದರೆ ಗಾಳಿಯೋ ತೋಳವೋ ಎಂದು ಲೆಕ್ಕ ಹಾಕುತ್ತ ಕೂರುವುದಿಲ್ಲ, ತೋಳವೆಂದೇ ಹಿಡಿದು ಬಡಿಗೆ ಎತ್ತುತ್ತಾನೆ. ಗಾಳಿಯನ್ನು ತೋಳವೆಂದುಕೊಂಡರೆ ಹೋಗುವುದು ಒಂದಿಷ್ಟು ದಣಿವು. ತೋಳವನ್ನು ಗಾಳಿ ಎಂದುಕೊಂಡರೆ ಕುರಿ ಹೋಗುತ್ತದೆ. ಲಕ್ಷಾಂತರ ವರ್ಷ ಈ ಲೆಕ್ಕದಲ್ಲಿ ಬದುಕುಳಿದವರ ಮೊಮ್ಮಕ್ಕಳು ನಾವು. ಇಲ್ಲದ ಕಡೆಯೂ ಮನಸ್ಸನ್ನು ಕಾಣುವುದು ನಮಗೆ ಅಗ್ಗ, ಇರುವ ಕಡೆ ಕಾಣದಿರುವುದು ದುಬಾರಿ.

ಇನ್ನು "ಸುಳ್ಳು ಅಂತ ಗೊತ್ತಿದ್ದೂ" ಎಂಬ ಮಾತು. ಮುಲ್ಲರ್-ಲೈಯರ್ ಭ್ರಮೆಯನ್ನು ಪಠ್ಯಪುಸ್ತಕದಲ್ಲಿ ನೋಡಿರುತ್ತೀರಿ. 1889ರದು. ಸಮನಾದ ಎರಡು ಗೆರೆಗಳು. ಒಂದರ ತುದಿಗಳಲ್ಲಿ ಬಾಣದ ಮೊನೆ ಒಳಕ್ಕೆ, ಇನ್ನೊಂದರದು ಹೊರಕ್ಕೆ. ಪಟ್ಟಿ ಇಟ್ಟು ಅಳೆಯಿರಿ, ಸಮ. ಪಟ್ಟಿ ತೆಗೆಯಿರಿ, ಮತ್ತೆ ಒಂದು ಉದ್ದ, ಒಂದು ಗಿಡ್ಡ. ಅಳತೆ ಗೊತ್ತಾಯಿತೆಂದು ಕಣ್ಣು ತನ್ನ ಕೆಲಸ ಬಿಡುವುದಿಲ್ಲ. ಚಿಟ್ಟಿ ಇಲ್ಲವೆಂದು ಗೊತ್ತಿರುವ ಭಾಗವೇ ಬೇರೆ, ಚಿಟ್ಟಿಗೆ ಮರುಗುವ ಭಾಗವೇ ಬೇರೆ. ಎರಡೂ ಒಂದೇ ತಲೆಯಲ್ಲಿ, ಒಂದೇ ಹೊತ್ತಿಗೆ, ಜಗಳವಿಲ್ಲದೆ ಕೆಲಸ ಮಾಡುತ್ತವೆ.

ವೈಜ್ಞಾನಿಕ ಕಥಾಚಿತ್ರ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅವರ ಕೆಲವು ಪಾತ್ರಗಳು ಹೈಡರ್-ಸಿಮ್ಮೆಲ್ ತ್ರಿಕೋನಗಳ ಹತ್ತಿರದ ಬಂಧುಗಳು. 1977ರ 'ಸ್ಟಾರ್ ವಾರ್ಸ್'ನ ರೋಬೋ ಆರ್‌ಟೂ-ಡಿಟೂಗೆ ಮುಖವೇ ಇಲ್ಲ. ಅದು ಚಕ್ರದ ಮೇಲಿನ ಡಬ್ಬಿ. ಮಾತೆಂದರೆ ಸಿಳ್ಳೆ, ಚಿಲಿಪಿಲಿ. ಧ್ವನಿವಿನ್ಯಾಸಕಾರ ಬೆನ್ ಬರ್ಟ್ ಬರೀ ಸಿಂಥಸೈಜರ್ ಸದ್ದು ಜೀವ ತುಂಬುವುದಿಲ್ಲವೆಂದು ತಮ್ಮದೇ ಬಾಯಿಂದ ಕೂಸಿನಂಥ ಸದ್ದು ಹೊರಡಿಸಿ ಅದಕ್ಕೆ ಬೆರೆಸಿದರು. 2003ರ 'ಕೋಯಿ ಮಿಲ್ ಗಯಾ'ದ ಜಾದೂ, ಬಿಸಿಲಿನಿಂದ ಶಕ್ತಿ ಪಡೆಯುವ ಅನ್ಯಗ್ರಹದ ಜೀವಿ, ಇನ್ನೊಬ್ಬ. ಹುಬ್ಬಳ್ಳಿಯಲ್ಲಿ ಆಗ ಚಿಕ್ಕವರಿದ್ದವರನ್ನು ಕೇಳಿ. ಬಿಸಿಲಿಗೆ ಬಂದು ನಿಂತವರನ್ನು "ಜಾದೂ" ಎಂದು ಈಗಲೂ ಕಾಡಿಸುತ್ತಾರೆ, ಅವನು ಹೊರಟುಹೋದ ದೃಶ್ಯದ ಮಾತೆತ್ತಿದರೆ ಮಾತ್ರ ಸುಮ್ಮನಾಗುತ್ತಾರೆ.

ಎಲ್ಲಕ್ಕಿಂತ ವಿಚಿತ್ರ ಉದಾಹರಣೆ 1968ರ '2001: ಎ ಸ್ಪೇಸ್ ಒಡಿಸ್ಸಿ'ಯ ಹಾಲ್ 9000 ಎಂಬ ಅಂತರಿಕ್ಷ ನೌಕೆಯ ಕಂಪ್ಯೂಟರ್. ಅದಕ್ಕೆ ಚಲನೆಯೂ ಇಲ್ಲ. ಒಂದು ಕೆಂಪು ದೀಪ, ಒಂದು ಸಮಾಧಾನದ ದನಿ, ಅಷ್ಟೇ. ಮೇಲಾಗಿ ಅದು ಕೊಲೆಗಾರ. ಆದರೂ ಅದರ ಸ್ಮೃತಿಯ ತುಣುಕುಗಳನ್ನು ಒಂದೊಂದಾಗಿ ಕಿತ್ತಾಗ ಮನಸ್ಸು ಅದರ ಕಡೆಗೇ ವಾಲುತ್ತದೆ. ದನಿ ಎಳೆದೆಳೆದು 'ಡೇಸಿ ಬೆಲ್' ಎಂಬ ಹಳೆಯ ಹಾಡು ಹಾಡುತ್ತ ಅದು ಆರಿಹೋಗುತ್ತದೆ. ಈ ಹಾಡಿನ ಹಿಂದೆ ನಿಜವಾದ ಕಥೆಯಿದೆ. 1961ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ 704 ಕಂಪ್ಯೂಟರಿನಿಂದ ಇದೇ ಹಾಡನ್ನು ಹಾಡಿಸಿದ್ದರು. ಅಲ್ಲಿಗೆ ಭೇಟಿ ಕೊಟ್ಟಿದ್ದ, ಮುಂದೆ ಈ ಚಿತ್ರದ ಕಥೆ ಬರೆದ ಆರ್ಥರ್ ಸಿ. ಕ್ಲಾರ್ಕ್ ಅದನ್ನು ಕೇಳಿಸಿಕೊಂಡು ಬಂದಿದ್ದರು, ಮುಂದೆ ಹಾಲ್‌ನ ಸಾವಿಗೆ ಬಳಸಿಕೊಂಡರು. ಮೊದಲು ಹಾಡಿದ ಯಂತ್ರದ ಹಾಡು, ಸಾಯುವ ಯಂತ್ರದ ಬಾಯಲ್ಲಿ.

ಸಿನಿಮಾ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಧಾರಾವಾಹಿಯ ನಂಟು ವರ್ಷಗಟ್ಟಲೆ ಎಳೆಯುತ್ತದೆ, ಆದ್ದರಿಂದ ಗಟ್ಟಿ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಇದನ್ನು 'ಪ್ಯಾರಾಸೋಷಿಯಲ್' ಸಂಬಂಧ ಎಂದರು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ. ವಾರಕ್ಕೊಮ್ಮೆ ಮನೆಗೆ ಬರುವ, ಹಠಮಾರಿತನ-ಒಳ್ಳೆತನ ಎಲ್ಲ ಪರಿಚಯವಿರುವ ವ್ಯಕ್ತಿಯನ್ನು ಮಿದುಳು ಪರಿಚಿತರ ಪಟ್ಟಿಗೇ ಸೇರಿಸುತ್ತದೆ. ಅದಕ್ಕೆ ಬೇರೆ ಪಟ್ಟಿ ಗೊತ್ತಿಲ್ಲ.

1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಎಂಬ ಅಂತರಿಕ್ಷದ ಧಾರಾವಾಹಿ ಎರಡನೇ ವರ್ಷಕ್ಕೇ ನಿಲ್ಲುವ ಹಂತಕ್ಕೆ ಬಂದಿತ್ತು. ಬೀಜೋ ಮತ್ತು ಜಾನ್ ಟ್ರಿಂಬಲ್ ದಂಪತಿ ಮುಂದೆ ನಿಂತು ಅಭಿಮಾನಿಗಳಿಂದ ಪತ್ರಗಳ ಮಳೆ ಸುರಿಸಿದರು, ಮೂರನೇ ವರ್ಷ ಸಿಕ್ಕಿತು. 79 ಕಂತಿಗೆ, 1969ರಲ್ಲಿ ಅದು ಮುಗಿದರೂ ನಂಟು ಮುಗಿಯಲಿಲ್ಲ. 1976ರಲ್ಲಿ ನಾಸಾ ತನ್ನ ಮೊದಲ ಶಟಲ್‌ಗೆ 'ಕಾನ್ಸ್ಟಿಟ್ಯೂಷನ್' ಎಂದು ಹೆಸರಿಡಲು ಹೊರಟಾಗ ಮತ್ತೆ ಪತ್ರಗಳು ಬಂದವು, ಹೆಸರು ಧಾರಾವಾಹಿಯ ನೌಕೆಯದೇ ಆದ 'ಎಂಟರ್‌ಪ್ರೈಸ್' ಎಂದಾಯಿತು. ಆ ಶಟಲ್ ಪರೀಕ್ಷೆಗಳಿಗಷ್ಟೇ ಬಳಕೆಯಾಯಿತು, ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ ಎಂಬುದು ಅಭಿಮಾನಿಗಳ ದುರದೃಷ್ಟ. ಆದರೆ ಆ ಧಾರಾವಾಹಿ ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಹೋದರು, ಅಂತರಿಕ್ಷಕ್ಕೇರಿದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆಯಾಗಿ. ನಮ್ಮ ದೂರದರ್ಶನವೂ ಎಂಬತ್ತರ ದಶಕದಲ್ಲಿ ಈ ಧಾರಾವಾಹಿಯನ್ನು ತೋರಿಸಿತ್ತು. ಮಾಳಿಗೆ ಮೇಲೆ ಒಬ್ಬ ಆಂಟೆನಾ ತಿರುವುತ್ತ "ಬಂತೇನು?" ಎಂದರೆ ಕೆಳಗಿನಿಂದ "ಬಂತು, ಬಂತು... ಹೋತು!" ಎಂದು ಕೂಗುತ್ತಿದ್ದ ಕಾಲ. ಇಂಗ್ಲಿಷು ಅರ್ಧ ತಿಳಿಯದಿದ್ದರೂ ಚೂಪು ಕಿವಿಯ ಸ್ಪಾಕ್ ಎಲ್ಲರಿಗೂ ಬೇಕಾದವನಾಗಿದ್ದ.

ಪಾತ್ರ ಹೊರಟುಹೋದರೆ ಎಷ್ಟು ನೋವು? ಇಸ್ರೇಲಿನ ಜೊನಾಥನ್ ಕೋಹೆನ್ 2004ರಲ್ಲಿ ಇದನ್ನೇ ಕೇಳಿದರು. ನಿಜ ಬದುಕಿನ ಸಂಬಂಧಗಳಲ್ಲಿ "ನನ್ನನ್ನು ಬಿಟ್ಟುಹೋದಾರೇನೋ" ಎಂದು ಕಳವಳಪಡುವ ಸ್ವಭಾವದವರೇ ಪಾತ್ರದ ಅಗಲಿಕೆಗೂ ಹೆಚ್ಚು ನೊಂದುಕೊಳ್ಳುವವರು. ಅಂದರೆ ಎರಡಕ್ಕೂ ಬಳಕೆಯಾಗುವುದು ಒಂದೇ ಮನಸ್ಸು. ಮಿದುಳಿನ ಸ್ಕ್ಯಾನ್ ಮಾಡಿದ ಒಂದು ಅಧ್ಯಯನ 2023ರಲ್ಲಿ ಬಂತು. ಧಾರಾವಾಹಿಯೊಂದರ ಅಭಿಮಾನಿಗಳಲ್ಲಿ ಒಂಟಿತನ ಹೆಚ್ಚಿದ್ದಷ್ಟೂ, ನಿಜ ಗೆಳೆಯರ ಮತ್ತು ಪಾತ್ರಗಳ ನಡುವಿನ ಗೆರೆ ಹಣೆಯ ಹಿಂದಿನ ಒಂದು ಭಾಗದಲ್ಲಿ ಮಸುಕಾಗಿತ್ತು. ಪಾಲ್ಗೊಂಡವರು ಬರೀ 19 ಮಂದಿ, ಹೀಗಾಗಿ ಅದನ್ನು ಹಿಡಿದು ಮಕ್ಕಳನ್ನು ಬೈಯಬೇಡಿ. ಅವರಿಗೆ ಗೆಳೆಯರಿದ್ದಾರೋ ಇಲ್ಲವೋ ವಿಚಾರಿಸಿ ಸಾಕು.

ಹಾಗಾದರೆ ಅಭಿಮಾನಿ ಕಥೆಯನ್ನೇ ನಿಜವೆಂದು ನಂಬಿಬಿಡುತ್ತಾನೆಯೇ? ಹಾವೇರಿ ಕಡೆಯ ಹಳ್ಳಿಯಲ್ಲಿ ಜಾತ್ರೆಯ ನಾಟಕ ನೋಡಿದವರಿಗೆ ಉತ್ತರ ಗೊತ್ತು. ತಾಯಿಯ ಪಾತ್ರ ಮಗನ ಹೆಣದ ಮುಂದೆ ರೋದಿಸುತ್ತಿದೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಿದ್ದಾರೆ. ಅಷ್ಟರಲ್ಲಿ ಊರಿನವರೊಬ್ಬರು ಸ್ಟೇಜ್ ಹತ್ತುತ್ತಾರೆ, ನಟಿಗೆ ನೂರು ರೂಪಾಯಿ ಆಯೇರಿ ಮಾಡುತ್ತಾರೆ. ಮೈಕಿನಲ್ಲಿ ಅವರ ಹೆಸರು, ಮೊತ್ತ ಎಲ್ಲ ಕೂಗುತ್ತಾರೆ. ಹೆಣ ಕಣ್ಣು ತೆರೆದು ನೋಡಿದ್ದೂ ಉಂಟು. ಚಪ್ಪಾಳೆ. ಹಾರ್ಮೋನಿಯಂ ಮತ್ತೆ ಎತ್ತಿಕೊಂಡ ಕೂಡಲೇ ರೋದನ ಮುಂದುವರಿಯುತ್ತದೆ, ಸೆರಗು ಮತ್ತೆ ಕಣ್ಣಿಗೆ ಹೋಗುತ್ತದೆ. ಅಲ್ಲಿ ಯಾರಿಗೂ ಗೊಂದಲವಿಲ್ಲ. ರಂಗದ ಮೇಲಿನ ದುಃಖ ನನ್ನದೂ ಅಲ್ಲ, ನಟನದೂ ಅಲ್ಲ, ಎಲ್ಲರದಾಗುತ್ತದೆ ಎಂಬ ಸಾಧಾರಣೀಕರಣದ ವಿಚಾರವನ್ನು ಕಾವ್ಯಮೀಮಾಂಸಕ ಅಭಿನವಗುಪ್ತ ಸಾವಿರ ವರ್ಷದ ಹಿಂದೆ ವಿಸ್ತರಿಸಿದ್ದು ಇಂಥ ಪ್ರೇಕ್ಷಕರನ್ನು ಕಂಡೇ ಇರಬೇಕು.

ನನಗೆ ಸಿಟ್ಟು ಬರುವುದು ಬೇರೆ ಕಡೆಗೆ. ಇಲ್ಲದ ಕಡೆ ಮನಸ್ಸು ಕಾಣುವ ಇದೇ ಗುಣ ಕಥೆಯ ಚೌಕಟ್ಟಿಲ್ಲದೆ ಬೀದಿಗೆ ಬಂದರೆ ಏನಾಗುತ್ತದೆ? ಆಕಾಶದ ನೆರಳಿಗೆ ಮನಸ್ಸು, ಹಸಿವು, ಸಿಟ್ಟು ಎಲ್ಲ ಬರುತ್ತದೆ, ಅದು ನುಂಗುವ ರಾಹುವಾಗುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು, ವಾಸಿಯಾಗುತ್ತದೆಂದು, ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಚಿಟ್ಟಿಗೆ ಅತ್ತ ಹುಡುಗ ಯಾರನ್ನೂ ಹೂಳಲಿಲ್ಲ. ಅವನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಅವಸರಪಡುವ ಎಷ್ಟೋ ಮನೆಗಳಲ್ಲಿ ಗ್ರಹಣದ ದಿನ ಬಸುರಿಯನ್ನು ಹೊರಗೆ ಬಿಡುವುದಿಲ್ಲ.

ಯಂತ್ರದ ಒಳಗು ಗೊತ್ತಿದ್ದರೆ ಮರುಕ ಹೋಗುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ಚಂದ್ರಯಾನ-3ರ ಪ್ರಜ್ಞಾನ್ 26 ಕಿಲೋ ತೂಕದ, ಆರು ಚಕ್ರದ ಗಾಡಿ. ಅದರ ಒಂದೊಂದು ತಂತಿಯೂ ಇಸ್ರೋದವರಿಗೆ ಗೊತ್ತು. 2023ರ ಸೆಪ್ಟೆಂಬರ್ 2ರಂದು ಅದನ್ನು ನಿದ್ರೆಯ ಸ್ಥಿತಿಗೆ ಕಳಿಸುವಾಗ, ಎಚ್ಚರಗೊಂಡರೆ ಮತ್ತೆ ಕೆಲಸ ಮಾಡುತ್ತದೆ, ಇಲ್ಲವಾದರೆ ಭಾರತದ ಚಂದ್ರ ರಾಯಭಾರಿಯಾಗಿ ಅಲ್ಲೇ ಉಳಿಯುತ್ತದೆ ಎಂದು ಬರೆದವರು ಅವರೇ. ಚಂದ್ರನ ಮೇಲೆ ಮತ್ತೆ ಬೆಳಕಾದಾಗ, ಸೆಪ್ಟೆಂಬರ್ 22ರಂದು, ಎಬ್ಬಿಸಲು ಪ್ರಯತ್ನಿಸಿದರು. ಸಂಕೇತ ಬರಲಿಲ್ಲ. ಹುಬ್ಬಳ್ಳಿಯ ಚಹಾ ಅಂಗಡಿಯಲ್ಲಿ "ಪಾಪ, ಥಂಡಿಗೆ ಏಳ್ಲಿಲ್ಲ ನೋಡ್ರಿ" ಎಂದವರು ಯಾವ ವೈಜ್ಞಾನಿಕ ಸಿನಿಮಾದ ಅಭಿಮಾನಿಯೂ ಅಲ್ಲ.

ಈಗ ಅದೇ ಇಸ್ರೋ, ಗಗನಯಾನದ ಮಾನವರಹಿತ ಪರೀಕ್ಷೆಗೆಂದು ವ್ಯೋಮಮಿತ್ರ ಎಂಬ ಅರ್ಧದೇಹದ ರೋಬೋ ಮಾಡಿದೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದರು. ಕಾಲಿಲ್ಲ, ಆದರೆ ಹೆಣ್ಣಿನ ಮುಖವಿದೆ, ಮಾತಾಡುತ್ತದೆ. ಒತ್ತಡ, ತಾಪಮಾನ ಅಳೆಯಲು ಮುಖ ಬೇಕಾಗಿಲ್ಲ, ಸೆನ್ಸರ್ ಸಾಕು. ಮುಖ ಇಟ್ಟಮೇಲೆ ಅದರ ಪರಿಣಾಮ ತಪ್ಪಿದ್ದಲ್ಲ. ಕ್ಯಾಪ್ಸೂಲ್ ಸಮುದ್ರಕ್ಕೆ ಇಳಿದ ದಿನ ಅಂಕಿಅಂಶಕ್ಕಿಂತ ಮೊದಲು "ಅಕೀಗೆ ಏನೂ ಆಗಿಲ್ಲಲ್ಲಾ?" ಎಂದು ಕೇಳುವವರು ಮನೆಮನೆಯಲ್ಲೂ ಇರುತ್ತಾರೆ. ಅವರಲ್ಲಿ ನಾನೂ ಒಬ್ಬ, ಈಗಲೇ ಹೇಳಿಬಿಡುತ್ತೇನೆ.