ಎಪ್ಪತ್ತು ಮಿಲಿಮೀಟರಿನ ಕಿಂಡಿ

ಮೈಸೂರು ಮೃಗಾಲಯಕ್ಕೆ ಕ್ಯಾಮೆರಾ ಹೊತ್ತು ಹೋಗಿ ಬಂದವರು ಲ್ಯಾಪ್‌ಟಾಪ್ ತೆರೆದು ತೋರಿಸುವ ಚಿತ್ರಗಳಲ್ಲಿ ಒಂದಂತೂ ಇದ್ದೇ ಇರುತ್ತದೆ. ಚಿರತೆಯ ಕಣ್ಣು ಚೆನ್ನಾಗಿ ಬಂದಿದೆ, ಮೀಸೆಯ ಒಂದೊಂದು ಕೂದಲೂ ಎಣಿಸಬಹುದು, ಆದರೆ ಮೂಗಿನ ಮೇಲೆ ಮಾತ್ರ ಬೂದಿ ಸವರಿದ ಹಾಗೆ ಎರಡು ಪಟ್ಟಿ. ಅದು ಜಾಲರಿಯ ತಂತಿ. ಚಿತ್ರದ ಜತೆಗೆ ಪ್ರಶ್ನೆಯೂ ಬರುತ್ತದೆ: "ಸರ್, 2ಎಕ್ಸ್ ಕನ್ವರ್ಟರ್ ತಗೊಂಡ್ರೆ ಈ ತಂತಿ ಹೋಗುತ್ತಾ?" ಈಗಾಗಲೇ ಕನ್ವರ್ಟರ್ ಕೊಂಡವರ ದೂರು ಬೇರೆ: "ಹಾಕಿದ ಮೇಲೆ ಫೋಟೊ ಸಾಫ್ಟ್ ಬರ್ತಿತ್ತು, ಅದಕ್ಕೆ ಎಫ್ 16ಕ್ಕೆ ಇಟ್ಟೆ. ಆಮೇಲೆ ತಂತಿ ಇನ್ನೂ ಜಾಸ್ತಿ ಕಾಣೋಕೆ ಶುರುವಾಯ್ತು."

ಕನ್ವರ್ಟರ್ ಅಂದರೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರಿಸಿ ಚಿತ್ರವನ್ನು ಹಿಗ್ಗಿಸುವ ಪುಟ್ಟ ಲೆನ್ಸು. ಅದನ್ನು ಹೇಗೆ ಜೋಡಿಸುವುದು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. 1.4ಎಕ್ಸ್ ಒಂದು ಸ್ಟಾಪ್ (ಅಂದರೆ ಅರ್ಧದಷ್ಟು) ಬೆಳಕು ತಿನ್ನುತ್ತದೆ, 2ಎಕ್ಸ್ ಎರಡು ಸ್ಟಾಪ್ ತಿನ್ನುತ್ತದೆ ಎನ್ನುವುದು ಕೊಂಡವರಿಗೆಲ್ಲ ಗೊತ್ತು. ಗೊತ್ತಿಲ್ಲದೆ ಇರುವುದು ಒಂದೇ ಸಂಗತಿ, ಹತ್ತು ಸಲ ಹೇಳಿದರೂ ಹನ್ನೊಂದನೆಯ ಸಲ ಮರೆತುಹೋಗುವ ಸಂಗತಿ. ತಂತಿ ಕರಗುವುದು ಲೆನ್ಸಿನ ಕಿಂಡಿಯ ಅಗಲದಿಂದ. ಕನ್ವರ್ಟರ್ ಆ ಕಿಂಡಿಯನ್ನು ಒಂದು ಕೂದಲೆಳೆಯಷ್ಟೂ ಅಗಲ ಮಾಡುವುದಿಲ್ಲ.

ಕಿಂಡಿ ಅಂದರೆ ಎಫ್ ಸಂಖ್ಯೆಯಲ್ಲ, ಬೆಳಕು ಒಳಗೆ ಬರುವ ತೂತಿನ ನಿಜವಾದ ಅಳತೆ. ಫೋಕಲ್ ಲೆಂತನ್ನು, ಅಂದರೆ ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಸಂಖ್ಯೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿದರೆ ಸಿಗುತ್ತದೆ. 400 ಎಂಎಂ, ಎಫ್ 5.6 ಆದರೆ 71 ಮಿ.ಮೀ. ಅದಕ್ಕೆ 1.4ಎಕ್ಸ್ ಹಾಕಿ: 560 ಎಂಎಂ, ಎಫ್ 8, ಭಾಗಿಸಿದರೆ 70. 2ಎಕ್ಸ್ ಹಾಕಿ: 800 ಎಂಎಂ, ಎಫ್ 11, ಮತ್ತೆ ಸುಮಾರು 71. ಕನ್ವರ್ಟರ್ ಕೂರುವುದು ಲೆನ್ಸಿನ ಬೆನ್ನಿಗೆ, ಮುಂದಿನ ಕಿಂಡಿಯ ಗೋಜಿಗೆ ಅದು ಹೋಗುವುದೇ ಇಲ್ಲ. ಇನ್ನೊಂದು ಲೆಕ್ಕ ನೋಡಿ: 70-200 ಎಫ್ 2.8 ಲೆನ್ಸಿನ 200ರ ತುದಿಯಲ್ಲೂ ಕಿಂಡಿ ಅದೇ 71. ಅಂದರೆ ತಂತಿಯ ಮಟ್ಟಿಗೆ ಆ ಲೆನ್ಸೂ 400 ಎಫ್ 5.6 ಲೆನ್ಸೂ ಒಂದೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಹೊಲಿಗೆ ಸೂಜಿ ಸಾಕು. ಒಂದು ಕಣ್ಣು ಮುಚ್ಚಿ, ದೂರದ ಮರ ನೋಡುತ್ತಾ, ಸೂಜಿಯ ಚೂಪು ತುದಿ ಮುಖದಿಂದ ಆಚೆಗಿರುವಂತೆ ಅದನ್ನು ಅಡ್ಡಲಾಗಿ ಕಣ್ಣಿನ ಹತ್ತಿರ ಹಿಡಿಯಿರಿ. ಸೂಜಿ ಗಾಜಿನ ಕಡ್ಡಿಯಂತಾಗಿ ಅದರ ಹಿಂದಿನ ಮರ ಕಾಣುತ್ತದೆ. ಪಾಪೆಯ ಅಗಲ ಸೂಜಿಯ ದಪ್ಪಕ್ಕಿಂತ ಹೆಚ್ಚಿರುವುದರಿಂದ ಮರದ ಬೆಳಕು ಸೂಜಿಯ ಎರಡೂ ಮಗ್ಗುಲಿನಿಂದ ನುಸುಳಿ ಬರುತ್ತದೆ. ಅದೇ ಸೂಜಿಯನ್ನು ಬಿಸಿಲಿಗೆ ಬಂದು ಹಿಡಿದು ನೋಡಿ. ಪಾಪೆ ಕುಗ್ಗಿರುತ್ತದೆ, ಸೂಜಿ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಎಫ್ 16ಕ್ಕೆ ಇಟ್ಟಾಗ ಲೆನ್ಸಿಗೆ ಆಗುವುದು ಇಷ್ಟೇ.

ಈಗ ಜಾಲರಿಯ ಲೆಕ್ಕ. ಚಿರತೆಯ ಕಣ್ಣಿನ ಒಂದು ಬಿಂದುವಿನಿಂದ ಹೊರಟ ಬೆಳಕು ಶಂಕುವಿನಂತೆ ಹರಡುತ್ತಾ ಬಂದು ಲೆನ್ಸಿನ ಕಿಂಡಿಯನ್ನು ತುಂಬುತ್ತದೆ. ಆ ಶಂಕು ಜಾಲರಿಯನ್ನು ದಾಟುವ ಜಾಗದಲ್ಲಿ ಎಷ್ಟು ಅಗಲವಿದೆ ಎನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಜಾಲರಿಯ ಕಣ್ಣು, ಅಂದರೆ ತಂತಿಗಳ ನಡುವಿನ ತೆರಪು, 50 ಮಿ.ಮೀ., ತಂತಿಯ ದಪ್ಪ 3 ಮಿ.ಮೀ. ಎಂದುಕೊಳ್ಳಿ. ಜಾಲರಿ ನಿಮ್ಮಿಂದ 2 ಮೀಟರ್, ಚಿರತೆ 20 ಮೀಟರ್ ದೂರದಲ್ಲಿದೆ. 71 ಮಿ.ಮೀ. ಕಿಂಡಿಗೆ ಬರುವ ಶಂಕು ಜಾಲರಿಯ ಬಳಿ 64 ಮಿ.ಮೀ. ಅಗಲವಿರುತ್ತದೆ. ಜಾಲರಿಯ ಕಣ್ಣಿಗಿಂತ ಅದು ದೊಡ್ಡದು. ಹಾಗಾಗಿ ಚಿತ್ರದ ಪ್ರತಿಯೊಂದು ಬಿಂದುವಿನ ಬೆಳಕಿಗೂ ಒಂದಲ್ಲ ಒಂದು ತಂತಿ ಅಡ್ಡ ಬರುತ್ತದೆ, ಪ್ರತಿಯೊಂದೂ ಹೆಚ್ಚುಕಡಿಮೆ ಅಷ್ಟೇ ಬೆಳಕು ಕಳೆದುಕೊಳ್ಳುತ್ತದೆ. ಒಂದು ತಂತಿ ನಡುವೆ ಹಾದರೆ ಶೇ 6ರಷ್ಟು. ಎಲ್ಲ ಕಡೆಯೂ ಸಮನಾಗಿ ಕಳೆದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ, ಚಿತ್ರ ತುಸು ಮಂಕಾಗುತ್ತದೆ ಅಷ್ಟೆ.

ಅದೇ ಜಾಗದಲ್ಲಿ 560 ಎಂಎಂನಲ್ಲಿ ಎಫ್ 16ಕ್ಕೆ ತಿರುಗಿಸಿ. ಕಿಂಡಿ 35 ಮಿ.ಮೀ., ಜಾಲರಿಯ ಬಳಿ ಶಂಕು 31 ಮಿ.ಮೀ. ಈಗ ಅದು ಜಾಲರಿಯ ಕಣ್ಣಿಗಿಂತ ಚಿಕ್ಕದು. ಚಿರತೆಯ ಕಿವಿಯ ಬೆಳಕು ಜಾಲರಿಯ ಕಣ್ಣಿನ ನಡುವೆ ಒಂದು ತಂತಿಗೂ ತಾಗದೆ ಬಂದುಬಿಡುತ್ತದೆ, ಮೂಗಿನ ಬೆಳಕು ತಂತಿಗೆ ಸಿಕ್ಕಿ ಶೇ 12ರಷ್ಟು ಕಳೆದುಕೊಳ್ಳುತ್ತದೆ. ಒಂದು ಕಡೆ ಕಳೆದು ಪಕ್ಕದಲ್ಲಿ ಕಳೆಯದಿದ್ದರೆ ಅದೇ ಪಟ್ಟಿ. ಲ್ಯಾಪ್‌ಟಾಪಿನಲ್ಲಿ ನೀವು ತೋರಿಸುವ ಪಟ್ಟಿ.

ಇನ್ನೂ ಒಂದು ಸಲ, ಬೇರೆ ಕಡೆಯಿಂದ ಹೇಳುತ್ತೇನೆ. ಅಪರ್ಚರ್ (ಅದೇ ಕಿಂಡಿ) ಪೂರ್ತಿ ತೆರೆದೇ ಇದೆ, ಆದರೆ ಚಿರತೆ ನಿಮ್ಮಿಂದ 4 ಮೀಟರಿಗೆ, ಅಂದರೆ ಜಾಲರಿಯಿಂದ ಎರಡೇ ಮೀಟರ್ ಆಚೆಗೆ ಬಂದು ನಿಂತಿದೆ. ಶಂಕು ಜಾಲರಿಯ ಬಳಿ 35 ಮಿ.ಮೀ.ಗೆ ಇಳಿಯಿತು. ಎಫ್ 16ರಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಜಾಲರಿಯಿಂದ ಅರ್ಧ ಮೀಟರ್ ಆಚೆಗೆ ಬಂದು ಕೂತರೆ 14 ಮಿ.ಮೀ., ಅಲ್ಲಿಗೆ ಮುಗಿಯಿತು. ಯಾವ ಲೆನ್ಸೂ, ಯಾವ ಕನ್ವರ್ಟರೂ ಉಳಿಸಲಾರದು. ಪ್ರಾಣಿ ಹತ್ತಿರ ಬಂದಾಗಲೇ ಎಲ್ಲರೂ ಮುಗಿಬಿದ್ದು ಕ್ಲಿಕ್ಕಿಸುತ್ತಾರೆ. ಜಾಲರಿಯ ಮುಂದೆ ಅದು ಫೋಟೊಗೆ ಅತ್ಯಂತ ಕೆಟ್ಟ ಗಳಿಗೆ.

ಈ ಅಳತೆಗಳನ್ನು ಅಂದಾಜೆಂದೇ ತೆಗೆದುಕೊಳ್ಳಿ. ಹಲವು ಝೂಮ್ ಲೆನ್ಸುಗಳು ಹತ್ತಿರಕ್ಕೆ ಫೋಕಸ್ ಮಾಡಿದಾಗ ತಮ್ಮ ಫೋಕಲ್ ಲೆಂತನ್ನೇ ಕಡಿಮೆ ಮಾಡಿಕೊಳ್ಳುತ್ತವೆ, ಜಾಲರಿಗಳೂ ಒಂದೊಂದು ಆವರಣಕ್ಕೆ ಒಂದೊಂದು ತರಹ. ಲೆಕ್ಕದ ದಾರಿ ಮಾತ್ರ ಬದಲಾಗುವುದಿಲ್ಲ.

"ಆದರೆ ಝೂಮ್ ಮಾಡಿದಾಗ ತಂತಿ ಹೋಗುತ್ತಲ್ಲ ಸರ್?" ಎಂದು ಕೇಳುವವರು ಸುಳ್ಳು ಹೇಳುತ್ತಿಲ್ಲ. 100-400 ಲೆನ್ಸು 100ರಲ್ಲಿ ಎಫ್ 4.5 ಇದ್ದರೆ ಕಿಂಡಿ ಬರೀ 22 ಮಿ.ಮೀ., 400ಕ್ಕೆ ಎಳೆದಾಗ 71. ಝೂಮ್ ಮಾಡಿದಾಗ ಕಿಂಡಿ ನಿಜವಾಗಿ ಅಗಲವಾಯಿತು, ಅದಕ್ಕೇ ತಂತಿ ಕರಗಿತು. ಈ ಅನುಭವವನ್ನೇ ಕನ್ವರ್ಟರಿಗೂ ಅನ್ವಯಿಸಿದ್ದರಿಂದ ತಪ್ಪು ತಿಳಿವಳಿಕೆ ಹುಟ್ಟಿದೆ. ಆದ್ದರಿಂದ ಜಾಲರಿಯ ಮುಂದೆ ಲೆನ್ಸನ್ನು ಉದ್ದದ ತುದಿಯಲ್ಲೇ ಇಡಿ. ಇಡೀ ದೇಹ ಚೌಕಟ್ಟಿಗೆ ಬರುತ್ತಿಲ್ಲವೆಂದು 200ಕ್ಕೆ ಇಳಿಸಿದರೆ ಕಿಂಡಿಯೂ ಇಳಿಯುತ್ತದೆ. ಮುಖ ಮಾತ್ರ ತೆಗೆಯಿರಿ.

ಕನ್ವರ್ಟರ್ ಬಂದ ಮೇಲೆ ಹುಟ್ಟುವ ಇನ್ನೊಂದು ಅಭ್ಯಾಸ ಹಿಂದೆ ಸರಿದು ನಿಲ್ಲುವುದು. ಈಗ ದೂರದಿಂದಲೂ ಸಿಗುತ್ತದಲ್ಲ ಎಂಬ ಧೈರ್ಯ. ಜಾಲರಿಯಿಂದ ನೀವು ದೂರವಾದಷ್ಟೂ ಶಂಕು ಅಲ್ಲಿ ಸಣ್ಣದಾಗುತ್ತದೆ, ತಂತಿ ಗಟ್ಟಿಯಾಗುತ್ತದೆ. ಸಂದರ್ಶಕರ ಕಂಬಿಯವರೆಗೆ ಬಂದು ನಿಲ್ಲಿ. ಕಂಬಿ ದಾಟಬೇಡಿ, ಅದರ ಮೇಲೆ ಬಾಗಿ ಕೈ ಚಾಚಬೇಡಿ. ಆ ಅಂತರ ಇಟ್ಟಿರುವುದು ನಿಮಗಾಗಿಯೂ ಹೌದು, ಪ್ರಾಣಿಯ ನೆಮ್ಮದಿಗಾಗಿಯೂ ಹೌದು. ಒಂದು ಚಿತ್ರಕ್ಕಾಗಿ ಶಿಳ್ಳೆ ಹಾಕುವುದು, ಗಾಜು ಬಡಿಯುವುದು, ಹೆಸರು ಹಿಡಿದು ಕಿರುಚುವುದು ನೋಡಿದಾಗ ಬಹಳ ಬೇಸರವಾಗುತ್ತದೆ. ಪಂಜರದೊಳಗಿನ ಜೀವ ಎಲ್ಲಿಗೂ ಎದ್ದುಹೋಗಲಾರದು.

ತಂತಿಯ ಬಣ್ಣ, ತಂತಿಯ ಮೇಲಿನ ಬಿಸಿಲು ಇವೆರಡನ್ನೂ ನೋಡಿ ಜಾಗ ಆರಿಸಿ. ಕಪ್ಪು ಬಣ್ಣ ಬಳಿದ ತಂತಿ ಸುಲಭವಾಗಿ ಕರಗುತ್ತದೆ. ಸತುವು ಲೇಪಿಸಿದ ಬಿಳಿ ತಂತಿಯ ಮೇಲೆ ಬಿಸಿಲು ಬಿದ್ದರೆ ಅದೇ ಹೊಳೆದು ಚಿತ್ರದ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಮಾಡುತ್ತದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ಈ ಮೃಗಾಲಯದಲ್ಲಿ ಹಳೆಯ ದೊಡ್ಡ ಮರಗಳಿಗೆ ಕೊರತೆಯಿಲ್ಲ. ನಾಲ್ಕು ಹೆಜ್ಜೆ ಆಚೀಚೆ ನಡೆದರೆ ಮರದ ನೆರಳು ಜಾಲರಿಯ ಮೇಲೆ ಬಿದ್ದಿರುವ ತಾಣ ಸಿಗುತ್ತದೆ. ತಂತಿ ನೆರಳಲ್ಲಿ, ಪ್ರಾಣಿ ಬೆಳಕಲ್ಲಿ. ಪ್ರಾಣಿಯ ಹಿಂದೆ ಎಲೆಗಳ ಸಂದಿಯಿಂದ ಆಕಾಶ ಮಿನುಗುತ್ತಿದ್ದರೆ ಆ ಕೋನ ಬಿಡಿ. ಮಸುಕಾದ ಒಂದೊಂದು ಬೆಳಕಿನ ಚುಕ್ಕಿಯೊಳಗೂ ಜಾಲರಿಯ ನೆರಳು ಮೂಡುತ್ತದೆ, ಅದನ್ನು ಯಾವ ಸಾಫ್ಟ್‌ವೇರಿನಲ್ಲೂ ಚೊಕ್ಕವಾಗಿ ಅಳಿಸಲಾಗುವುದಿಲ್ಲ. ಒಟ್ಟಾರೆ ಮಂಕನ್ನು ಮಾತ್ರ ಕಪ್ಪು ಮಟ್ಟ ತುಸು ಇಳಿಸಿ, ಕಾಂಟ್ರಾಸ್ಟ್ ಏರಿಸಿ ಸರಿಪಡಿಸಬಹುದು.

ಆಟೋಫೋಕಸ್ ಹೋಗಿ ತಂತಿಗೇ ಅಂಟಿಕೊಳ್ಳುವುದು ಇನ್ನೊಂದು ತೊಂದರೆ. ಇದರ ಮದ್ದು ಲೆನ್ಸಿನ ಪಕ್ಕದಲ್ಲೇ ಇದೆ, ಆ ಗುಂಡಿಯನ್ನು ಮುಟ್ಟಿಯೇ ನೋಡದವರು ತುಂಬ ಜನ. ಫೋಕಸ್ ಲಿಮಿಟರ್. ಕ್ಯಾನನ್ ಇಎಫ್ 100-400ರ ಎರಡನೆಯ ಆವೃತ್ತಿಯಲ್ಲಿ ಅದನ್ನು 3 ಮೀಟರಿನಿಂದ ಅನಂತಕ್ಕೆ, ನಿಕಾನ್ 200-500ರಲ್ಲಿ 6 ಮೀಟರಿನಿಂದ ಅನಂತಕ್ಕೆ ಇಡಬಹುದು. ಜಾಲರಿ 2 ಮೀಟರಿನಲ್ಲಿದ್ದರೆ ಲೆನ್ಸು ಆ ಕಡೆ ಹುಡುಕಲು ಹೋಗುವುದೇ ಇಲ್ಲ. ಲಿಮಿಟರ್ ಇಲ್ಲದ ಲೆನ್ಸಾದರೆ ಪ್ರಾಣಿಯಷ್ಟೇ ದೂರದಲ್ಲಿ, ಜಾಲರಿ ಅಡ್ಡವಿಲ್ಲದ ಒಂದು ಕಲ್ಲಿಗೋ ಕಂಬಕ್ಕೋ ಮೊದಲು ಫೋಕಸ್ ಮಾಡಿ, ಆಮೇಲೆ ತಿರುಗಿ. ಒಂದೇ ಸಣ್ಣ ಫೋಕಸ್ ಪಾಯಿಂಟ್ ಇಟ್ಟುಕೊಳ್ಳಿ. ಕನ್ವರ್ಟರ್ ಹಾಕಿದಾಗ ಫೋಕಸ್ ನಿಧಾನವಾಗುವುದರಿಂದ ಒಮ್ಮೆ ತಂತಿಗೆ ಹೋದರೆ ಹಿಂದಿರುಗಿ ಬರುವಷ್ಟರಲ್ಲಿ ಪ್ರಾಣಿ ಮುಖ ತಿರುಗಿಸಿರುತ್ತದೆ.

"ಸಾಫ್ಟ್ ಬರ್ತಿದೆ" ಎಂಬ ದೂರಿನಲ್ಲಿ ಕನ್ವರ್ಟರಿನ ಪಾಲು ಜನ ತಿಳಿದಷ್ಟಿಲ್ಲ. 2ಎಕ್ಸ್ ಹಾಕಿದರೆ ವಿವರ ಸ್ವಲ್ಪ ಕುಂದುವುದು ನಿಜ, ಅರ್ಧದಿಂದ ಒಂದು ಸ್ಟಾಪ್ ಮುಚ್ಚಿದರೆ ಸುಧಾರಿಸುವುದೂ ನಿಜ. ಜಾಲರಿ ಇಲ್ಲದ ಕಡೆ, ಕಂದಕದಾಚೆಯ ಜಿರಾಫೆಗೆ ಹಾಗೆ ಮಾಡಿ. ಆದರೆ ಹೆಚ್ಚಿನ ಚಿತ್ರಗಳಲ್ಲಿ ಕಾಣುವುದು ಕೈ ನಡುಕ. 560 ಎಂಎಂನಲ್ಲಿ ಶಟರ್ ವೇಗ 1/250 ಸೆಕೆಂಡಿಗೆ ಇಟ್ಟು, ಸ್ಟೆಬಿಲೈಸರ್ ಇದೆಯಲ್ಲ ಎಂದು ನಂಬಿ ಕೂತಿರುತ್ತಾರೆ. ನಿಮ್ಮ ಕೈ ನಡುಗದಿರಬಹುದು, ಪ್ರಾಣಿ ಉಸಿರಾಡುತ್ತದೆ, ಕಿವಿ ಆಡಿಸುತ್ತದೆ. ಮಲಗಿದ್ದರೆ 1/500, ನಡೆಯುತ್ತಿದ್ದರೆ 1/1000. ಮರದ ನೆರಳಲ್ಲಿ ಎಫ್ 8, 1/1000 ಅಂದರೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಅಳತೆ) 3200 ಬೇಕಾಗುತ್ತದೆ, ಮೋಡವಿದ್ದರೆ 6400. ಹೆದರಬೇಡಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ನಯ ಮಾಡಬಹುದು, ಅಲುಗಿದ್ದನ್ನು ಯಾರೂ ನಿಲ್ಲಿಸಲಾರರು.

ಬಿಸಿಲು ಏರಿದ ಮೇಲೆ ಕಾಂಕ್ರೀಟ್ ದಾರಿಯ ಮೇಲೆ, ಕಂದಕದ ಗೋಡೆಯ ಮೇಲೆ ಗಾಳಿ ಕುದಿಯಲು ಶುರುವಾಗುತ್ತದೆ. 800 ಎಂಎಂನಲ್ಲಿ ಆ ಕುದಿತವೂ ದೊಡ್ಡದಾಗಿ ಕಾಣುತ್ತದೆ. ಬೆಳಿಗ್ಗೆ ಗೇಟು ತೆರೆದ ಹೊತ್ತಿಗೆ ಹೋಗಿ, ಮಂಗಳವಾರ ರಜೆ. ಕಾರಿನಲ್ಲಿ ಕಾದ ಲೆನ್ಸಿಗೆ ನೆರಳಲ್ಲಿ ಹದಿನೈದು ಇಪ್ಪತ್ತು ನಿಮಿಷ ಆರಲು ಬಿಡಿ. ಅಗ್ಗದ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ. ಗಾಜಿನ ಹಿಂದಿನ ಪ್ರಾಣಿಯನ್ನು ತೆಗೆಯುವಾಗ ಗಾಜಿಗೆ ನೇರವಾಗಿ ನಿಲ್ಲಿ. ದಪ್ಪ ಗಾಜನ್ನು ಓರೆಯಾಗಿ ದಾಟಿದ ಚಿತ್ರ ಉದ್ದದ ಲೆನ್ಸಿನಲ್ಲಿ ಎಂದೂ ಚೂಪಾಗುವುದಿಲ್ಲ.

ಕೊಳ್ಳುವ ಮೊದಲು ಒಂದು ಮಾತು. 24 ಮೆಗಾಪಿಕ್ಸೆಲ್ ಚಿತ್ರವನ್ನು 1.4 ಪಟ್ಟು ಕ್ರಾಪ್ ಮಾಡಿದರೆ 12 ಉಳಿಯುತ್ತದೆ. ಎ4 ಅಳತೆಯ ಪ್ರಿಂಟಿಗೆ 300 ಡಿಪಿಐನಲ್ಲಿ 9 ಸಾಕು. ಎಷ್ಟೋ ಜನರಿಗೆ 1.4ಎಕ್ಸ್ ಬೇಕಾಗಿಯೇ ಇಲ್ಲ. 2 ಪಟ್ಟು ಕ್ರಾಪ್ ಮಾಡಿದರೆ 6 ಮಾತ್ರ ಉಳಿಯುತ್ತದೆ, ಅಲ್ಲಿ ಕನ್ವರ್ಟರಿಗೆ ಅರ್ಥವಿದೆ. 18-55, 55-250ರಂಥ ಲೆನ್ಸುಗಳಿಗೆ ಒಳಗೆ ಚಾಚಿದ ಗಾಜಿರುವ ಕನ್ವರ್ಟರನ್ನು ಬಲವಂತವಾಗಿ ತಿರುಗಿಸಬೇಡಿ, ಗಾಜಿಗೆ ಗಾಜು ತಾಗುತ್ತದೆ. ಕ್ಯಾನನ್ ಆರ್‌ಎಫ್ 100-500ಕ್ಕೆ ಹಾಕುವಾಗ ಝೂಮ್ 300 ದಾಟಿರಲೇಬೇಕು, ಹಾಕಿದ ಮೇಲೂ 300ಕ್ಕಿಂತ ಕೆಳಗೆ ಇಳಿಯುವುದಿಲ್ಲ. 150-600 ಎಫ್ 6.3 ಲೆನ್ಸಿಗೆ 1.4ಎಕ್ಸ್ ಹಾಕಿದರೆ ಎಫ್ 9 ಆಗುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಅದರಲ್ಲೂ ಫೋಕಸ್ ಹಿಡಿಯುತ್ತದೆ. ಡಿಎಸ್ಎಲ್ಆರ್‌ಗಳಲ್ಲಿ ಚೆನ್ನಾಗಿರುವವು ಎಫ್ 8ರವರೆಗೆ, ಅದೂ ಹೆಚ್ಚಾಗಿ ನಡುವಿನ ಪಾಯಿಂಟುಗಳಲ್ಲಿ. ನಿಮ್ಮ ಲೆನ್ಸು, ಬಾಡಿ, ಕನ್ವರ್ಟರ್ ಮೂರೂ ಹೊಂದುತ್ತವೆಯೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕೊಡಿ. ಪಕ್ಕದ ಕಾರಂಜಿ ಕೆರೆಯ ಪಕ್ಷಿಮನೆಗೆ ಹೋಗುವುದಾದರೆ ಕನ್ವರ್ಟರ್ ಚೀಲದಲ್ಲೇ ಇರಲಿ. ಅಲ್ಲಿ ಜಾಲರಿಯ ಒಳಗೇ ನಡೆಯುವುದರಿಂದ ನಿಮಗೂ ಹಕ್ಕಿಗೂ ನಡುವೆ ತಂತಿಯೇ ಇಲ್ಲ.

ಮತ್ತೆ ಚಿರತೆಯ ಜಾಲರಿಗೆ ಬರೋಣ. ಆವರಣದಲ್ಲಿ ಅಡ್ಡಾಡುವ ಚಿರತೆ ಸಾಮಾನ್ಯವಾಗಿ ಒಂದೇ ಜಾಡು ಹಿಡಿದಿರುತ್ತದೆ. ಜಾಲರಿಗೆ ಮೈ ತಾಗಿಸುತ್ತಾ ಬಂದು, ಮೂಲೆಯಲ್ಲಿ ತಿರುಗಿ, ಹಿಂದಿನ ಗೋಡೆಯವರೆಗೆ ಹೋಗಿ ಮತ್ತೆ ಬರುತ್ತದೆ. ಮೊದಲ ಮೂರು ಸುತ್ತು ಕ್ಯಾಮೆರಾ ಎತ್ತದೆ ಸುಮ್ಮನೆ ನೋಡಿ, ಹಿಂದಿನ ಗೋಡೆಯ ಬಳಿ ಅದು ಎಲ್ಲಿ ತಿರುಗುತ್ತದೆಂದು ಗುರುತು ಮಾಡಿಕೊಳ್ಳಿ. ಲಿಮಿಟರ್ ಹಾಕಿ, ಅಪರ್ಚರ್ ಪೂರ್ತಿ ತೆರೆದು, ಆ ಜಾಗಕ್ಕೆ ಫೋಕಸ್ ಮಾಡಿಟ್ಟು ಕಾಯಿರಿ. ತಿರುಗುವಾಗ ತಲೆ ಮೊದಲು ಬರುತ್ತದೆ, ಮೈ ಆಮೇಲೆ. ಅಷ್ಟು ಹೊತ್ತು ಕಣ್ಣು ನಿಮ್ಮ ಕಡೆಗಿರುತ್ತದೆ. ಒಂದು ಸುತ್ತಿಗೆ ಐದಾರು ಚಿತ್ರ ತೆಗೆದು, ಅದು ಜಾಲರಿಯ ಬಳಿ ಬರುವಾಗ ಕ್ಯಾಮೆರಾ ಇಳಿಸಿ, ಬರಿಗಣ್ಣಿನಲ್ಲಿ ನೋಡಿ.